ಕ್ರಿಪ್ಟೊ ಲೆಕ್ಕ ಇಡಲು ಯಾವ ಆ್ಯಪ್ ಒಳ್ಳೆಯದು? ಕೊಂಡ ಬೆಲೆ ಸರಿಯಾಗಿ ಸಿಗಬೇಕು

ನೂರಡಿ ರಸ್ತೆ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. 2021ರಿಂದ ತಿಂಗಳಿಗೆ ಎರಡು ಸಾವಿರ, ವ್ಯಾಪಾರ ಚೆನ್ನಾಗಿದ್ದರೆ ಮೂರು ಸಾವಿರ, ಹೀಗೆ ಕ್ರಿಪ್ಟೊಗೆ ಹಾಕುತ್ತಾ ಬಂದೆ. ಬಿಟ್‌ಕಾಯಿನ್, ಈಥರ್, ಮ್ಯಾಟಿಕ್, ಈ ಮೂರೇ. ಸ್ವಲ್ಪ ಎಕ್ಸ್‌ಚೇಂಜ್‌ನಲ್ಲಿದೆ (ಕೊಂಡು ಮಾರುವ ಆನ್‌ಲೈನ್ ಜಾಗ), ಉಳಿದದ್ದು ಹಾರ್ಡ್‌ವೇರ್ ವ್ಯಾಲೆಟ್‌ನಲ್ಲಿದೆ (ಕೀಗಳನ್ನು ನಮ್ಮ ಕೈಯಲ್ಲೇ ಇಟ್ಟುಕೊಳ್ಳುವ ಪುಟ್ಟ ಸಾಧನ).

ಈಚೆಗೆ ತಂಗಿ ಮದುವೆಗೆ ಅಂತ ಒಂದಿಷ್ಟು ಮಾರಿದೆ. ಮೈಸೂರಿನ ಆಡಿಟರ್ ಹತ್ರ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಾರಿದ್ದು ಸರಿ, ಇದನ್ನ ಯಾವತ್ತು, ಎಷ್ಟಕ್ಕೆ ತಗೊಂಡಿದ್ರಿ?" ನನ್ನ ಬಳಿ ಉತ್ತರ ಇರಲಿಲ್ಲ. ಫೋನಿನಲ್ಲಿದ್ದ ಟ್ರ್ಯಾಕರ್, ಅಂದರೆ ಲೆಕ್ಕ ಇಡುವ ಆ್ಯಪ್, ತೋರಿಸಿದೆ. ಇವತ್ತಿನ ಬೆಲೆ ಇತ್ತು, ಹಸಿರು ಬಣ್ಣದಲ್ಲಿ ಲಾಭ ಇತ್ತು. ಕೊಂಡ ಬೆಲೆ ಇರಬೇಕಾದ ಕಡೆ ಅರ್ಧಕ್ಕರ್ಧ ಸೊನ್ನೆ.

ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ನೋಡಿದೆ. ಎಕ್ಸ್‌ಚೇಂಜ್‌ನಿಂದ ನನ್ನದೇ ವ್ಯಾಲೆಟ್‌ಗೆ ಕಳಿಸಿದ್ದನ್ನು ಅದು ಮಾರಾಟ ಅಂತ ಬರೆದುಕೊಂಡಿದೆ. ವ್ಯಾಲೆಟ್‌ಗೆ ಬಂದದ್ದನ್ನು ಬಿಟ್ಟಿ ಬಂದದ್ದು ಅಂತ ಹಿಡಿದಿದೆ. 2024ರಲ್ಲಿ ಮ್ಯಾಟಿಕ್ ಹೋಗಿ ಅದರ ಬದಲು ಪೋಲ್ ಅನ್ನುವ ನಾಣ್ಯ ಬಂತಲ್ಲ, ಒಂದಕ್ಕೆ ಒಂದು, ಅಲ್ಲೂ ಇದೇ ಕಥೆ. ಇನ್ನೊಂದು ನೋವು ಏನಂದರೆ, ಮೊದಲು ಬಳಸುತ್ತಿದ್ದ ಎಕ್ಸ್‌ಚೇಂಜ್ ಬಾಗಿಲು ಹಾಕಿತು. ನಾನು ಫೈಲ್ ಇಳಿಸಿಕೊಂಡಿರಲಿಲ್ಲ. ಅಲ್ಲಿನ ಖರೀದಿ ಚರಿತ್ರೆ ಹೋಯಿತು.

ನಮ್ಮಪ್ಪ ಆಲೆಮನೆ ನಡೆಸುವಾಗ ಯಾರ ಗದ್ದೆಯಿಂದ ಎಷ್ಟು ಟನ್ ಕಬ್ಬು ಬಂತು, ಎಷ್ಟು ಅಚ್ಚು ಬೆಲ್ಲ ಆಯಿತು ಅಂತ ದಿನಾ ರಾತ್ರಿ ಬರೆದಿಡುತ್ತಿದ್ದರು. ಅಂಥ ಲೆಕ್ಕ ನನಗೂ ಬೇಕು. ಕಾಯಿನ್‌ಗೆಕೊ, ಕಾಯಿನ್‌ಸ್ಟ್ಯಾಟ್ಸ್, ಕಾಯಿನ್ಲಿ (Koinly), ಕಾಯಿನ್‌ಎಕ್ಸ್ (KoinX) ಅಂತ ಹೆಸರುಗಳು ಕೇಳಿದ್ದೇನೆ. ಬಳಸಿದವರು ಹೇಳಿ. ದುಡ್ಡು ಕೊಡಬೇಕಾದರೆ ಕೊಡುತ್ತೇನೆ.

ಕುವೆಂಪುನಗರ:

ಅಣ್ಣ, ನೀವು ಹೇಳಿದ ನಾಲ್ಕೂ ಒಂದೇ ಕೆಲಸದ ಆ್ಯಪ್ ಅಲ್ಲ. ಕಾಯಿನ್‌ಗೆಕೊ, ಕಾಯಿನ್‌ಮಾರ್ಕೆಟ್‌ಕ್ಯಾಪ್ ಮುಖ್ಯವಾಗಿ ಬೆಲೆ ನೋಡೋಕೆ. ಅದರ ಪೋರ್ಟ್‌ಫೋಲಿಯೊದಲ್ಲಿ ಖರೀದಿಯನ್ನು ಕೈಯಲ್ಲೇ ತುಂಬಬಹುದು, ರೂಪಾಯಲ್ಲೂ ತೋರಿಸುತ್ತದೆ. ಮೂರು ನಾಣ್ಯ ಇರುವವರಿಗೆ ಇಷ್ಟೇ ಸಾಕು. ಕಾಯಿನ್‌ಸ್ಟ್ಯಾಟ್ಸ್, ಡೆಲ್ಟಾ ಅನ್ನುವ ಆ್ಯಪ್‌ಗಳನ್ನು ನಿಮ್ಮ ಎಕ್ಸ್‌ಚೇಂಜ್‌ಗೆ ಜೋಡಿಸಿದರೆ ವಹಿವಾಟನ್ನು ತಾವೇ ಎಳೆದುಕೊಳ್ಳುತ್ತವೆ. ಕಾಯಿನ್ಲಿ, ಕಾಯಿನ್‌ಎಕ್ಸ್ ತೆರಿಗೆ ಲೆಕ್ಕಕ್ಕೆ. ಕಾಯಿನ್‌ಎಕ್ಸ್ ನಮ್ಮ ಬೆಂಗಳೂರಿನದೇ.

ಜೋಡಿಸುವಾಗ ಎಪಿಐ ಕೀಗೆ (ನಿಮ್ಮ ಎಕ್ಸ್‌ಚೇಂಜ್ ಖಾತೆಗೆ ಇನ್ನೊಂದು ಆ್ಯಪ್ ಬರಲು ಕೊಡುವ ಕೀಲಿ) ಓದುವ ಅನುಮತಿ ಮಾತ್ರ ಕೊಡಿ. ಮಾರುವ, ಹಣ ತೆಗೆಯುವ ಅನುಮತಿ ಬೇಡವೇ ಬೇಡ. 2022ರ ಡಿಸೆಂಬರ್‌ನಲ್ಲಿ ಥ್ರೀಕಾಮಾಸ್ ಅನ್ನುವ ಟ್ರೇಡಿಂಗ್ ಸೇವೆಯಿಂದ ಗ್ರಾಹಕರ ಕೀಗಳು ಸೋರಿ ಹೋಗಿದ್ದವು. ಹಾರ್ಡ್‌ವೇರ್ ವ್ಯಾಲೆಟ್ ಜೋಡಿಸಲು ಅದರ ವಿಳಾಸ ಕೊಟ್ಟರೆ ಸಾಕು. ವ್ಯಾಲೆಟ್ ತೆರೆಯುವ 12 ಅಥವಾ 24 ಗುಪ್ತ ಪದಗಳನ್ನು ಯಾವ ಟ್ರ್ಯಾಕರ್ ಕೇಳಿದರೂ ಅದು ಮೋಸ.

ಆ್ಯಪ್ ಕೈ ಬದಲಾಗುವುದೂ ಇದೆ. ಬ್ಲಾಕ್‌ಫೋಲಿಯೊ ಅನ್ನುವ ಟ್ರ್ಯಾಕರನ್ನು 2020ರಲ್ಲಿ ಎಫ್‌ಟಿಎಕ್ಸ್ ಅನ್ನುವ ಎಕ್ಸ್‌ಚೇಂಜ್ ಕೊಂಡಿತು, 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ದಿವಾಳಿ ಆಯಿತು. ಅದಕ್ಕೇ ನಾನು ಈಗ ರಾಟ್ಕಿ ಅನ್ನುವ ಟ್ರ್ಯಾಕರ್ ಬಳಸುತ್ತೇನೆ. ಓಪನ್ ಸೋರ್ಸ್ (ಅದರ ಕೋಡ್ ಯಾರು ಬೇಕಾದರೂ ನೋಡಬಹುದು), ಲೆಕ್ಕ ನನ್ನ ಕಂಪ್ಯೂಟರ್‌ನಲ್ಲೇ ಇರುತ್ತದೆ. ಕಲಿಯಲು ಸ್ವಲ್ಪ ದಿನ ಹಿಡಿಯುತ್ತದೆ.

ಸರಸ್ವತೀಪುರಂ:

ಸರ್, ನಾನು ಇಲ್ಲೇ ಒಂದು ಆಡಿಟ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ರಿಟರ್ನ್ಸ್ ಸಮಯದಲ್ಲಿ ನಿಮ್ಮಂಥವರು ತುಂಬಾ ಜನ ಬರುತ್ತಾರೆ, ಬೇಜಾರಾಗಬೇಡಿ.

ಟ್ರ್ಯಾಕರ್ ತೋರಿಸುವ ಲಾಭ ಬೇರೆ, ಆದಾಯ ತೆರಿಗೆ ಇಲಾಖೆ ನೋಡುವ ಲಾಭ ಬೇರೆ. ಬಿಟ್‌ಕಾಯಿನ್ ಮಾರಿ 40,000 ಲಾಭ, ಪೋಲ್ ಮಾರಿ 25,000 ನಷ್ಟ ಆಯಿತು ಅಂದುಕೊಳ್ಳಿ. ಆ್ಯಪ್ ನಿವ್ವಳ 15,000 ಲಾಭ ಅನ್ನುತ್ತದೆ. ಆದರೆ 2022ರ ಏಪ್ರಿಲ್‌ನಲ್ಲಿ ಬಂದ ನಿಯಮದಲ್ಲಿ ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಪೂರ್ತಿ 40,000ಕ್ಕೆ 30 ಪರ್ಸೆಂಟ್, ಅಂದರೆ 12,000. ಮೇಲೆ 4 ಪರ್ಸೆಂಟ್ ಸೆಸ್ ಸೇರಿ 12,480. ಆ್ಯಪ್ ನಂಬಿ 4,500 ಎತ್ತಿಟ್ಟಿದ್ದವರು ನಮ್ಮ ಆಫೀಸಿನಲ್ಲಿ ಕೂತು ಅತ್ತದ್ದನ್ನು ನೋಡಿದ್ದೇನೆ.

ಕಳೆಯಲು ಬಿಡುವುದು ಕೊಂಡ ಬೆಲೆ ಒಂದನ್ನೇ. ಅದಕ್ಕೇ ಆಡಿಟರ್ ಅದನ್ನು ಕೇಳಿದ್ದು.

ಟಿಡಿಎಸ್, ಅಂದರೆ ಮಾರುವಾಗಲೇ ಹಿಡಿದುಕೊಳ್ಳುವ ತೆರಿಗೆ, ಅದನ್ನೂ ನೋಡಿ. 50,000ಕ್ಕೆ ಮಾರಿದರೆ 1 ಪರ್ಸೆಂಟ್, 500 ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಕೆಲವು ಟ್ರ್ಯಾಕರ್ 49,500 ಅನ್ನೇ ಮಾರಿದ ಬೆಲೆ ಅಂತ ಬರೆಯುತ್ತವೆ. ಅದು ತಪ್ಪು. 50,000 ಅಂತ ಬರೆದು, ಆ 500 ಅನ್ನು ಫಾರ್ಮ್ 26ಎಎಸ್‌ನಲ್ಲಿ (ನಿಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿ) ಹುಡುಕಿ. ಒಂದು ನಾಣ್ಯ ಕೊಟ್ಟು ಇನ್ನೊಂದು ಪಡೆದರೂ ಮಾರಿದ ಹಾಗೇ ಲೆಕ್ಕ. ನಿಮ್ಮದೇ ವ್ಯಾಲೆಟ್‌ಗೆ ಕಳಿಸಿದ್ದು ಮಾತ್ರ ಮಾರಾಟ ಅಲ್ಲ.

ಹಳೆಯ ಖರೀದಿಗೆ ಇಮೇಲ್ ಹುಡುಕಿ. ಪ್ರತಿ ಆರ್ಡರ್‌ಗೆ ಒಂದು ಇಮೇಲ್ ಬಂದಿರುವ ಸಾಧ್ಯತೆ ಜಾಸ್ತಿ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ನೀವು ಎಕ್ಸ್‌ಚೇಂಜ್‌ಗೆ ಹಾಕಿದ ದುಡ್ಡು ಕಾಣುತ್ತದೆ. ಎರಡನ್ನೂ ಜೋಡಿಸಿ ಕೊಟ್ಟರೆ ಆಡಿಟರ್‌ಗೆ ಹಿಡಿದುಕೊಳ್ಳಲು ಏನಾದರೂ ಇರುತ್ತದೆ.

ಪಾಂಡವಪುರ:

ಸುಮ್ನೆ ಒಂದು ಅನುಭವ. ನಾನು ಎಪಿಐ ಜೋಡಿಸಿದೆ, ಮೇಲೆ ಅದೇ ಎಕ್ಸ್‌ಚೇಂಜ್‌ನಿಂದ ಇಳಿಸಿದ ವಹಿವಾಟಿನ ಪಟ್ಟಿ, ಅಂದರೆ ಸಿಎಸ್‌ವಿ ಫೈಲೂ ಹಾಕಿದೆ. ಎಲ್ಲಾ ಎರಡೆರಡು ಸಲ ಬಂದು, ಇರುವುದಕ್ಕಿಂತ ಡಬಲ್ ತೋರಿಸಿತು. ಎರಡರಲ್ಲಿ ಒಂದನ್ನು ಮಾತ್ರ ಮಾಡಿ.

ನೂರಡಿ ರಸ್ತೆ, ಮಂಡ್ಯ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರಸ್ವತೀಪುರಂ ಮೇಡಂ, ನಿಮ್ಮ ಮಾತು ಕೇಳಿ ಇಮೇಲ್ ಹುಡುಕಿದೆ. ಬಾಗಿಲು ಹಾಕಿದ ಎಕ್ಸ್‌ಚೇಂಜ್‌ನಲ್ಲಿ ಮಾಡಿದ್ದ 14 ಖರೀದಿಯಲ್ಲಿ 11 ಸಿಕ್ಕಿತು. ದಿನ, ಎಷ್ಟು ನಾಣ್ಯ, ರೂಪಾಯಿ, ಶುಲ್ಕ ಎಲ್ಲಾ ಅದರಲ್ಲಿದೆ. ನೋಡಿ ಕಣ್ಣು ತುಂಬಿ ಬಂತು.

ಮೂರು ದಿನದಿಂದ ಪ್ರಯೋಗ ಮಾಡುತ್ತಿದ್ದೇನೆ. ಕಾಯಿನ್ಲಿಗೆ ಎಕ್ಸ್‌ಚೇಂಜ್ ಫೈಲು, ವ್ಯಾಲೆಟ್ ವಿಳಾಸ ಎರಡೂ ಕೊಟ್ಟ ಮೇಲೆ ನನ್ನದೇ ವರ್ಗಾವಣೆಗಳನ್ನು ಅದು ಜೋಡಿ ಮಾಡಿತು. ಸೊನ್ನೆಗಳು ಹೋದವು. ಹಳೆಯ ಟ್ರ್ಯಾಕರ್‌ಗೆ ನಾನು ಒಂದು ಬದಿ ಮಾತ್ರ ಕೊಟ್ಟಿದ್ದೆ, ತಪ್ಪಾಗಿದ್ದು ಅಲ್ಲೇ. ಮ್ಯಾಟಿಕ್‌ನ ಕೊಂಡ ಬೆಲೆಯನ್ನು ಪೋಲ್‌ಗೆ ಕೈಯಲ್ಲೇ ಎಳೆದು ತಂದೆ, ಅದು ಸರಿಯೇ ಅಂತ ಆಡಿಟರ್ ಹತ್ರ ಕೇಳಬೇಕು. ಕಾಯಿನ್ಲಿಯಲ್ಲಿ ಲೆಕ್ಕ ನೋಡೋದು ಫ್ರೀ, ತೆರಿಗೆ ವರದಿ ಇಳಿಸಲು ದುಡ್ಡು ಕೊಡಬೇಕು. ದಿನಾ ಬೆಲೆ ನೋಡೋಕೆ ಕಾಯಿನ್‌ಗೆಕೊ ಇಟ್ಟುಕೊಂಡಿದ್ದೇನೆ.

ಮೂಲ ಲೆಕ್ಕ ಮಾತ್ರ ಗೂಗಲ್ ಶೀಟ್‌ನಲ್ಲಿ ನಾನೇ ಬರೆಯುತ್ತೇನೆ. ದಿನ, ನಾಣ್ಯ, ಎಷ್ಟು, ರೂಪಾಯಿ, ಎಲ್ಲಿಂದ ಎಲ್ಲಿಗೆ. ಪ್ರತಿ ತಿಂಗಳು ಒಂದನೇ ತಾರೀಖು ಎಕ್ಸ್‌ಚೇಂಜ್ ಫೈಲ್ ಇಳಿಸಿ ಪೆನ್‌ಡ್ರೈವ್‌ಗೂ ಹಾಕುತ್ತೇನೆ.

ಇನ್ನು ಮೂರು ಖರೀದಿ ಬಾಕಿ ಇದೆ. ಸೋಮವಾರ ಬ್ಯಾಂಕಿಗೆ ಹೋಗಿ 2021ರ ಸ್ಟೇಟ್‌ಮೆಂಟ್ ಕೇಳುತ್ತೇನೆ.