ಕೋಟಿಗಟ್ಟಲೆ ಕೊಡ್ತೀವಿ ಅಂದರೂ ಇನ್ನೊಂದು ವರ್ಷ ಕಾಲೇಜಲ್ಲೇ ಇರ್ತೀನಿ ಅನ್ನೋದು ಯಾಕೆ?

ಉಣಕಲ್ ನೈಟ್ ಶಿಫ್ಟ್:

ನಾನು ಹುಬ್ಬಳ್ಳಿಯಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಬಿಲ್ಲಿಂಗ್ ನೋಡುವವನು. ರಾತ್ರಿ ಪಾಳಿ. ಆ ಕಡೆಯ ಟೀಮ್ ಲೀಡ್ ಟೆಕ್ಸಾಸಿನವರು. ಡಿಸೆಂಬರ್ ಬಂತು ಅಂದರೆ ಕಾಲ್ ಶುರುವಾಗುವ ಮೊದಲಿನ ಹತ್ತು ನಿಮಿಷ ಒಂದೇ ಮಾತು. ಯಾವ ಕ್ವಾರ್ಟರ್‌ಬ್ಯಾಕ್ ಕಾಲೇಜು ಬಿಟ್ಟು ಎನ್‌ಎಫ್‌ಎಲ್‌ಗೆ, ಅಂದರೆ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್‌ಗೆ ಹೋಗುತ್ತಾನೆ, ಯಾವನು ಉಳಿಯುತ್ತಾನೆ. ಗೊತ್ತಿಲ್ಲದವರಿಗೆ: ಇದು ನಮ್ಮ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಮೊದಲು ಕೈಗೆ ಬರುವ ಹುಡುಗ. ಮೈಮೇಲೆ ನಾಲ್ಕು ಜನ ಬೀಳುವುದರೊಳಗೆ ಯಾರಿಗೆ ಎಸೆಯಬೇಕು ಅಂತ ಅವನೇ ತೀರ್ಮಾನ ಮಾಡಬೇಕು.

ನಿಯಮ ಅರ್ಥವಾಯಿತು. ಹೈಸ್ಕೂಲ್ ಮುಗಿದು ಮೂರು ವರ್ಷ ಆಗಿದ್ದರೆ ಡ್ರಾಫ್ಟ್‌ಗೆ ಹೆಸರು ಕೊಡಬಹುದು, ಡ್ರಾಫ್ಟ್ ಅಂದರೆ ತಂಡಗಳು ಸರದಿಯ ಮೇಲೆ ಹುಡುಗರನ್ನು ಆರಿಸಿಕೊಳ್ಳುವುದು, ಹೋಗ್ತೀನೋ ಇಲ್ಲವೋ ಅನ್ನೋದನ್ನ ಜನವರಿ ಮಧ್ಯದ ಹೊತ್ತಿಗೆ ಹೇಳಬೇಕು. ಅರ್ಥವಾಗದ್ದು ಆಂಡ್ರೂ ಲಕ್ ಕಥೆ. 2011ರಲ್ಲಿ ಮೊದಲು ಕರೆಯುವ ಹೆಸರೇ ಅವನದು ಅಂತ ಊರೆಲ್ಲ ಹೇಳುತ್ತಿತ್ತಂತೆ. ಅವನು ಸ್ಟ್ಯಾನ್‌ಫರ್ಡ್‌ನಲ್ಲೇ ಉಳಿದು ಆರ್ಕಿಟೆಕ್ಚರ್ ಡಿಗ್ರಿ ಮುಗಿಸಿದ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರು ಅಲೆದವರನ್ನು ಕೇಳಿದ್ದೇನೆ. ಬೆಣ್ಣೆಯನ್ನು ಪಕ್ಕಕ್ಕಿಟ್ಟು ಪರೀಕ್ಷೆಗೆ ಓದಲು ಕೂತವನನ್ನು ಕೇಳಿರಲಿಲ್ಲ.

ಕೇಳುವುದಕ್ಕೆ ಕಾರಣ ಇದೆ. ಅಕ್ಕನ ಮಗ ಧಾರವಾಡದಲ್ಲಿ ಬಿ.ಎ. ಎರಡನೇ ವರ್ಷ, ಕಬಡ್ಡಿಯಲ್ಲಿ ರೇಡರ್, ಚೆನ್ನಾಗೇ ಆಡುತ್ತಾನೆ. ಕಾಲೇಜು ಬಿಟ್ಟು ಪೂರ್ತಿ ಕಬಡ್ಡಿಗೆ ಇಳಿಯುತ್ತೇನೆ, ಪ್ರೊ ಕಬಡ್ಡಿಗೆ ಪ್ರಯತ್ನ ಮಾಡುತ್ತೇನೆ ಅಂತ ಎರಡು ತಿಂಗಳಿಂದ ಹಠ. ಹೋದ ಭಾನುವಾರ ಊಟಕ್ಕೆ ಕೂತಾಗ ಬಾಯಿ ತಡೆಯದೆ ಈ ಅಮೆರಿಕದ ಸುದ್ದಿ ಹೇಳಿಬಿಟ್ಟೆ. ತಕ್ಷಣ ಅವನು, "ನೋಡ್ರಿ ಮಾಮಾ, ಅಲ್ಲಿ ಹುಡುಗರು ಬಿಟ್ಟು ಹೋಗ್ತಾರಲ್ವಾ?" ಅಂದ. ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ಮುಂದಿನ ಭಾನುವಾರದೊಳಗೆ ನನಗೆ ಒಂದು ಸರಿಯಾದ ಉತ್ತರ ಬೇಕು.

ಸಪ್ತಾಪುರದವ:

ಎಂ.ಎಸ್. ಓದಲು ಎರಡು ವರ್ಷ ಅಲ್ಲಿದ್ದೆ, ಆಗ ಈ ಹುಚ್ಚು ಹತ್ತಿತು. ಮೊದಲು ದುಡ್ಡಿನ ಲೆಕ್ಕ ಸರಿ ಮಾಡೋಣ. 2010ರಲ್ಲಿ ಮೊದಲನೆಯವನಾಗಿ ಹೋದ ಸ್ಯಾಮ್ ಬ್ರಾಡ್‌ಫರ್ಡ್‌ಗೆ 5 ಕೋಟಿ ಡಾಲರ್ ಗ್ಯಾರಂಟಿ ಸಿಕ್ಕಿತು, ಆಡಲಿ ಬಿಡಲಿ. 2011ರಲ್ಲಿ ಆಟಗಾರರ ಸಂಘ ಮತ್ತು ಲೀಗ್ ನಡುವೆ ಹೊಸ ಒಪ್ಪಂದ ಆಯಿತು, ಹೊಸಬರ ಸಂಬಳಕ್ಕೆ ಕಟ್ಟು ಬಿತ್ತು. ಅದೇ ವರ್ಷ ಮೊದಲನೆಯವನಾಗಿ ಹೋದ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 2 ಕೋಟಿ 20 ಲಕ್ಷ ಡಾಲರ್. ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಬಂತು ನೋಡಿ. ಲಕ್ ಉಳಿದಿದ್ದು ಈ ಲೆಕ್ಕ ಹಾಕಿಯೇ ಅಂತ ನಾನು ಹೇಳುತ್ತಿಲ್ಲ, ಆದರೆ ಆಮೇಲೆ ಬಂದ ಎಲ್ಲ ಹುಡುಗರೂ ಇದನ್ನು ಹಾಕಲೇಬೇಕಾಯಿತು.

ಈಗ ಇನ್ನೊಂದು ಬದಿ. 2021ರ ಜುಲೈವರೆಗೆ ಕಾಲೇಜು ಹುಡುಗ ತನ್ನ ಹೆಸರು, ಮುಖ ಮಾರಿ ಒಂದು ಡಾಲರ್ ಗಳಿಸುವಂತಿರಲಿಲ್ಲ, ಫೀಸು-ಊಟ-ಹಾಸ್ಟೆಲ್ ಅಷ್ಟೇ. ಈಗ ಜಾಹೀರಾತಿನ ದುಡ್ಡು ಅವನದೇ. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು, ಒಂದು ಕಾಲೇಜು ತನ್ನ ಎಲ್ಲ ಆಟಗಾರರಿಗೂ ಸೇರಿ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ. ಹಾಗಾಗಿ ಕಾರ್ಸನ್ ಬೆಕ್ ಎನ್‌ಎಫ್‌ಎಲ್‌ಗೆ ಹೋಗ್ತೀನಿ ಅಂತ ಹೇಳಿದವನು, 2025ರ ಜನವರಿಯಲ್ಲಿ ಮಾತು ವಾಪಸ್ ತೆಗೆದುಕೊಂಡು ಜಾರ್ಜಿಯಾ ಬಿಟ್ಟು ಮಯಾಮಿ ಕಾಲೇಜು ಸೇರಿದ. ನಿಮ್ಮ ಟೆಕ್ಸಾಸ್ ಸಾಹೇಬರನ್ನು ಕ್ವಿನ್ ಯೂಯರ್ಸ್ ಬಗ್ಗೆ ಕೇಳಿ. ಅವನು ಅದೇ ವರ್ಷ ಟೆಕ್ಸಾಸ್ ಕಾಲೇಜು ಬಿಟ್ಟು ಎನ್‌ಎಫ್‌ಎಲ್‌ಗೆ ಹೋದ. ಏಳನೇ, ಅಂದರೆ ಕೊನೆಯ ಸುತ್ತು, 231ನೇ ಹೆಸರು. ಕೇಳುವಾಗ ಸ್ವಲ್ಪ ಹುಷಾರು, ಆ ದಿನ ನಿಮಗೆ ಕೆಲಸದ ಟಿಕೆಟ್ ಜಾಸ್ತಿ ಬರಬಹುದು.

ಹೀಗಾಗಿ ಉಳಿಯುವುದು ಈಗ ತ್ಯಾಗವೂ ಅಲ್ಲ, ಓದಿನ ಪ್ರೀತಿಯೂ ಅಲ್ಲ. ಮ್ಯಾಟ್ ಲೈನಾರ್ಟ್ ಅನ್ನೋ ಕ್ವಾರ್ಟರ್‌ಬ್ಯಾಕ್ 2005ರಲ್ಲಿ ಯುಎಸ್‌ಸಿ ಅನ್ನೋ ಕ್ಯಾಲಿಫೋರ್ನಿಯಾದ ಕಾಲೇಜಿನಲ್ಲಿ ಉಳಿದಾಗ ಆ ಸೀಸನ್‌ನಲ್ಲಿ ತೆಗೆದುಕೊಂಡಿದ್ದ ಒಂದೇ ಒಂದು ವಿಷಯ ಬಾಲ್‌ರೂಮ್ ಡ್ಯಾನ್ಸ್!

ಬ್ಯಾಡಗಿ ಡಬ್ಬಿ:

ಸಪ್ತಾಪುರದವರೇ, ಲೆಕ್ಕ ಎಲ್ಲಾ ಸರಿ, ಆದರೆ ಇದನ್ನು ಅರ್ಥ ಮಾಡಿಕೊಳ್ಳಲು ಎಂ.ಎಸ್. ಬೇಕಿಲ್ಲ, ಒಂದು ಹಂಗಾಮು ನಮ್ಮ ಮಾರುಕಟ್ಟೆಯಲ್ಲಿ ನಿಂತರೆ ಸಾಕು. ನಾವು ಮೆಣಸಿನಕಾಯಿ ಬೆಳೆಯುವವರು. ಪ್ರತಿ ವರ್ಷ ಜನವರಿ-ಫೆಬ್ರವರಿಯಲ್ಲಿ ನಮ್ಮ ಮನೆಯಲ್ಲೂ ಇದೇ ಜಗಳ. ಈಗ ಬಂದ ದರಕ್ಕೆ ಚೀಲ ಇಳಿಸಬೇಕಾ, ಇಲ್ಲಾ ಕೋಲ್ಡ್ ಸ್ಟೋರೇಜಿಗೆ ಹಾಕಿ ಕಾಯಬೇಕಾ. ಅಪ್ಪ ಮಾರು ಅಂತಾರೆ, ನಮ್ಮಣ್ಣ ಕಾಯೋಣ ಅಂತಾನೆ, ನಾನು ಬಾಡಿಗೆ ಕಟ್ಟುತ್ತೇನೆ.

ಕಾಯುವವನು ಸಾಮಾನ್ಯವಾಗಿ ತನ್ನ ಕಾಯಿಯನ್ನಷ್ಟೇ ನೋಡುತ್ತಾನೆ. ಬಣ್ಣ ಚೆನ್ನಾಗಿದೆ, ಸುಕ್ಕು ಚೆನ್ನಾಗಿದೆ, ದರ ಬಂದೇ ಬರುತ್ತದೆ ಅಂತ. ದರ ನಿಂತಿರುವುದು ಅದರ ಮೇಲೆ ಮಾತ್ರ ಅಲ್ಲ, ಆ ದಿನ ಮಾರುಕಟ್ಟೆಗೆ ಇನ್ನೆಷ್ಟು ಚೀಲ ಬಂದಿದೆ ಅನ್ನುವುದರ ಮೇಲೆ. 2024ರ ಮಾರ್ಚಿನಲ್ಲಿ ದರ ಬಿದ್ದಾಗ ಬ್ಯಾಡಗಿಯಲ್ಲಿ ಎಂಥ ಗಲಾಟೆ ಆಯಿತು ಅಂತ ಟಿವಿಯಲ್ಲಿ ಎಲ್ಲರೂ ನೋಡಿದ್ದೀರಿ.

ನೀವು ಹೇಳಿದ ಹೆಸರುಗಳನ್ನು ಹಿಡಿದು ರಾತ್ರಿ ಕೂತು ನೋಡಿದೆ (ನಿದ್ದೆ ಹಾಳು, ನಿಮ್ಮಿಂದ). 2024ರ ಡ್ರಾಫ್ಟ್‌ನಲ್ಲಿ ಮೊದಲ 12 ಹೆಸರಿನೊಳಗೆ ಆರು ಜನ ಕ್ವಾರ್ಟರ್‌ಬ್ಯಾಕ್‌ಗಳು. 2022ರಲ್ಲಿ ಮೊದಲ ಸುತ್ತು ಪೂರ್ತಿ ಸೇರಿ ಒಬ್ಬನೇ, ಕೆನ್ನಿ ಪಿಕೆಟ್, ಅದೂ 20ನೆಯವನು. ಎರಡನೇ ಕ್ವಾರ್ಟರ್‌ಬ್ಯಾಕ್ ಹೆಸರು ಬಂದಿದ್ದು 74ಕ್ಕೆ. ಒಂದೇ ಹುಡುಗ, ಒಂದೇ ತೋಳು, ಯಾವ ವರ್ಷ ಚೀಲ ಇಳಿಸುತ್ತಾನೆ ಅನ್ನುವುದರ ಮೇಲೆ ಬದುಕೇ ಬೇರೆ. ಲೈನಾರ್ಟ್ 2005ರಲ್ಲೇ ಹೋಗಿದ್ದರೆ ಮೊದಲನೆಯವನು ಅಂತಿದ್ದರು, ಕಾದು 2006ರಲ್ಲಿ ಹತ್ತನೆಯವನಾದ. ಮ್ಯಾಟ್ ಬಾರ್ಕ್‌ಲಿ ಅಂತ ಅದೇ ಕಾಲೇಜಿನವನು, ಉಳಿದ ವರ್ಷದಲ್ಲಿ ಭುಜಕ್ಕೆ ಪೆಟ್ಟು, ನಾಲ್ಕನೇ ಸುತ್ತಿಗೆ ಇಳಿದ. ಹಾಗಂತ ಕಾಯುವುದೇ ತಪ್ಪು ಅನ್ನಲೂ ಬರುವುದಿಲ್ಲ. ಜೋ ಬರೋ 2018ರಲ್ಲಿ ಸಾಧಾರಣ. ಇನ್ನೊಂದು ವರ್ಷ ಆಡಿ 60 ಟಚ್‌ಡೌನ್ (ಗೆರೆ ದಾಟಿಸಿ ಅಂಕ ತರುವ ಎಸೆತ) ಎಸೆದು 2020ರಲ್ಲಿ ಮೊದಲ ಹೆಸರೇ ಆದ. ಅವನದು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ ಕಾಯಿಗೆ ಬಣ್ಣ ಏರಿದ ಹಾಗೆ, ಅಂಥದ್ದು ನಾನಂತೂ ನೋಡಿಲ್ಲ.

ಸಪ್ತಾಪುರದವ:

ಬಣ್ಣ ಏರಿದ್ದು ಕೋಲ್ಡ್ ಸ್ಟೋರೇಜಿನಲ್ಲಿ ಅಲ್ಲ ಸರ್, ಅಲ್ಲೇ ನಿಮ್ಮ ಹೋಲಿಕೆ ಕೈ ಕೊಡುತ್ತದೆ. ಬರೋ ಆ ವರ್ಷ ಸುಮ್ನೆ ಕೂತಿರಲಿಲ್ಲ, 15 ಮ್ಯಾಚ್ ಆಡಿದ. ಕಾಲೇಜಿನಲ್ಲಿ ಉಳಿದವನು ಪ್ರತಿ ಶನಿವಾರ ಮೈದಾನದಲ್ಲಿ ಇರುತ್ತಾನೆ. ಬೇಗ ಹೋದವನು ಬಹಳ ಸಲ ಬೆಂಚಿನ ಮೇಲೆ. ಆರನ್ ರಾಜರ್ಸ್‌ನಂಥವನೇ 2005ರಲ್ಲಿ ಬೇಗ ಹೋಗಿ, 24ನೆಯವನಾಗಿ ಆಯ್ಕೆಯಾಗಿ, ಮೂರು ವರ್ಷ ತಂಡದ ಹಳೆಯ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಹಿಂದೆ ಕೂತ. ಮಿಚ್ ಟ್ರುಬಿಸ್ಕಿ ಕಾಲೇಜಿನಲ್ಲಿ ಮ್ಯಾಚ್ ಶುರುವಿನಿಂದಲೇ ಇಳಿದಿದ್ದು 13 ಸಲ ಮಾತ್ರ, 2017ರಲ್ಲಿ ಎರಡನೇ ಹೆಸರಾಗಿ ಹೋದ, ಅವನನ್ನು ಆರಿಸಿದ ಶಿಕಾಗೋದವರು ಇವತ್ತಿಗೂ ಆ ದಿನ ನೆನೆಸಿಕೊಂಡು ಹಣೆ ಚಚ್ಚಿಕೊಳ್ಳುತ್ತಾರೆ. ಯಾಕಂದರೆ ಅದೇ ಡ್ರಾಫ್ಟ್‌ನಲ್ಲಿ ಹತ್ತನೆಯವನಾಗಿ ಹೋದವನು, ಆಮೇಲೆ ಲೀಗಿನ ದೊಡ್ಡ ಹೆಸರಾದ ಪ್ಯಾಟ್ರಿಕ್ ಮಹೋಮ್ಸ್.

ಮುಳಗುಂದ ನಾಕಾ:

ಅಮೆರಿಕ ಸಾಕು, ಹುಡುಗನ ವಿಷಯಕ್ಕೆ ಬರೋಣ. ಗದಗಿನಿಂದ ಬರೆಯುತ್ತಿದ್ದೇನೆ. ನಾನೂ ಡಿಗ್ರಿ ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟವನು, ಕಬಡ್ಡಿಗೇ. ಆಗ ಪ್ರೊ ಕಬಡ್ಡಿ ಇರಲಿಲ್ಲ, ಅದು ಬಂದಿದ್ದು 2014ಕ್ಕೆ. ಊರೂರಿನ ಟೂರ್ನಮೆಂಟು, ಬಹುಮಾನದಲ್ಲಿ ಪಾಲು, ಅಷ್ಟೇ ನಮ್ಮ ಸಂಪಾದನೆ.

ಬಿಟ್ಟಾಗ ನಾನು ಅಂದುಕೊಂಡಿದ್ದು ಕ್ಲಾಸು ಬಿಟ್ಟೆ ಅಂತ. ಆದರೆ ನಾನು ಬಿಟ್ಟಿದ್ದು ಅಂಗಳ. ಅಂತರ ವಿಶ್ವವಿದ್ಯಾಲಯ ಪಂದ್ಯ ಆಡಬೇಕಾದರೆ ರೆಗ್ಯುಲರ್ ವಿದ್ಯಾರ್ಥಿ ಆಗಿರಬೇಕು, ಹೆಸರು ತೆಗೆಸಿದ ದಿನವೇ ಕರ್ನಾಟಕ ವಿಶ್ವವಿದ್ಯಾಲಯದ ಜರ್ಸಿ ಹೋಯಿತು. ಈಗ ಅದರ ಮೇಲೆ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ಬೇರೆ ಇದೆ, 2022ರಲ್ಲಿ ಬೆಂಗಳೂರಿನಲ್ಲೇ ಆಯಿತು. ಹೊಸ ಹುಡುಗರನ್ನು ಹುಡುಕುವವರು ಕಣ್ಣಿಟ್ಟು ನೋಡುವುದು ಇಂಥ ಪಂದ್ಯಗಳನ್ನೇ. ನಮ್ಮೂರ ಜಾತ್ರೆಯ ಟೂರ್ನಮೆಂಟಿಗೆ ಯಾರೂ ಪೆನ್ನು ಹಿಡಿದು ಬರುವುದಿಲ್ಲ.

ಇನ್ನು ಮೊಣಕಾಲು. ನನ್ನದು ಬಲಗಾಲು, ಹಾವೇರಿ ಕಡೆ ಒಂದು ಊರಲ್ಲಿ ಆಂಕಲ್ ಹೋಲ್ಡ್ (ಕಾಲಿನ ಗಿಣ್ಣು ಹಿಡಿಯುವ ಪಟ್ಟು) ಬಿಡಿಸಿಕೊಳ್ಳುವಾಗ ಹೋಯಿತು. ಒಬ್ಬರು ಡಾಕ್ಟರು ಬರೀ ಉಳುಕು ಅಂದರು, ಎಂಟು ತಿಂಗಳು ಎಣ್ಣೆ ತಿಕ್ಕಿದೆ. ಪ್ರೊ ಕಬಡ್ಡಿಯ ಸ್ಟಾರ್ ರೇಡರ್ ಪವನ್ ಸೆಹ್ರಾವತ್‌ಗೂ ಹಾಗೇ ಮೊಣಕಾಲು ಹೋಯಿತು, 2022ರಲ್ಲಿ ತಮಿಳ್ ತಲೈವಾಸ್ 2 ಕೋಟಿ 26 ಲಕ್ಷ ಕೊಟ್ಟು ತಗೊಂಡ ಸೀಸನ್‌ನ ಮೊದಲ ಮ್ಯಾಚಿನಲ್ಲೇ. ಅವನ ಹಿಂದೆ ತಂಡ ಇತ್ತು, ಹೆಸರಿತ್ತು. ಮರುವರ್ಷ 2 ಕೋಟಿ 60 ಲಕ್ಷಕ್ಕೆ ಹೋದ. ನನ್ನ ಹಿಂದೆ ನಮ್ಮವ್ವ ಇದ್ದಳು.

ನಿಮ್ಮ ಅಳಿಯನಿಗೆ ಇದನ್ನೂ ಹೇಳಿ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ರೈಲ್ ಸೌಧ ನಿಮ್ಮ ಹುಬ್ಬಳ್ಳಿಯ ಗದಗ ರೋಡಿನಲ್ಲೇ ಇದೆ, ನೈರುತ್ಯ ರೈಲ್ವೆ ಸ್ಪೋರ್ಟ್ಸ್ ಕೋಟಾದಲ್ಲಿ ಕರೆದಾಗ ವಯಸ್ಸು 18ರಿಂದ 25, ಸಡಿಲಿಕೆ ಇಲ್ಲ. ಮೇಲಿನ ಹಂತದ ಹುದ್ದೆಗೆ ಡಿಗ್ರಿ ಕೇಳುತ್ತಾರೆ. ಕಬಡ್ಡಿಯವರಿಗೆ ಲೀಗ್ ಬರುವ ಮೊದಲಿನಿಂದಲೂ ಅನ್ನ ಹಾಕಿದ್ದು ರೈಲ್ವೆ, ಪೊಲೀಸ್, ಸರ್ವಿಸಸ್ (ಸೇನೆ). ನಾನು ಡಿಗ್ರಿ ಕಟ್ಟಿ ಮುಗಿಸುವ ಹೊತ್ತಿಗೆ 27.

ಅಮೆರಿಕದ ಹುಡುಗ ಒಂದು ಸಲ ಡ್ರಾಫ್ಟ್‌ಗೆ ಹೋದರೆ ಕಾಲೇಜು ಆಟಕ್ಕೆ ವಾಪಸ್ ಬರುವಂತಿಲ್ಲ, ಅದಕ್ಕೇ ಅವನಿಗೆ ಆ ಸಂಕಟ. ನಿಮ್ಮವನಿಗೆ ಅಂಥ ನಿಯಮ ಯಾರು ಮಾಡಿದ್ದಾರೆ? ಪ್ರೊ ಕಬಡ್ಡಿ ನಡೆಯುವುದು ವರ್ಷದಲ್ಲಿ ಕೆಲವು ತಿಂಗಳು. ಆಯ್ಕೆ ಆದರೆ ಆಗ ಹೋಗಲಿ, ಹಾಜರಾತಿ ವಿಷಯ ಪ್ರಿನ್ಸಿಪಾಲರ ಹತ್ತಿರ ಕೂತು ಮಾತಾಡಿದರೆ ಆಗುತ್ತದೆ. ಆಯ್ಕೆ ಆಗುವ ಮೊದಲೇ ಬಿಡುವುದು ಯಾಕೆ?

ಹಾನಗಲ್ಲ ಕಮಲಕ್ಕ:

ಎಲ್ಲಾ ಓದಿದೆ. ನನ್ನ ಮಗಳು ಕುಸ್ತಿ ಆಡುತ್ತಾಳೆ, ಅದಕ್ಕೇ ಹೇಳುತ್ತೇನೆ. ಹುಡುಗ ಕಾಲೇಜು ಬಿಡುತ್ತೇನೆ ಅನ್ನುವುದು ಕಬಡ್ಡಿಗಾಗಿಯೋ, ಇಲ್ಲಾ ಯಾವುದೋ ವಿಷಯ ಬ್ಯಾಕ್ ಉಳಿದಿದೆಯೋ, ಮೊದಲು ಅದನ್ನು ಕೇಳ್ರಿ.

ಉಣಕಲ್ ನೈಟ್ ಶಿಫ್ಟ್:

ಎಲ್ಲರಿಗೂ ಥ್ಯಾಂಕ್ಸ್. ಕಮಲಕ್ಕನವರೇ, ಕೇಳಿದೆ. ಎರಡು ಪೇಪರ್ ಬ್ಯಾಕ್ ಇದೆಯಂತೆ, ಒಂದು ಇಂಗ್ಲಿಷ್. ಅಕ್ಕನಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

ಅಂಗಳದ ಮಾತನ್ನು ಅವನಿಗೆ ಫೋನಿನಲ್ಲೇ ಓದಿ ಹೇಳಿದೆ. ಮೊಣಕಾಲಿನ ಭಾಗಕ್ಕೆ ಹೂಂ ಹೂಂ ಅಂದ, ಅದಕ್ಕೆ ಏನೂ ಆಗಲಿಲ್ಲ, ಆ ವಯಸ್ಸಿಗೆ ಮೊಣಕಾಲು ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಯೂನಿವರ್ಸಿಟಿ ಜರ್ಸಿ ಹೋಗುತ್ತದೆ ಅಂದಾಗ ಮಾತ್ರ ಸುಮ್ಮನಾದ. "ಹೊರಗಿನಿಂದ ಪರೀಕ್ಷೆ ಕಟ್ಟಿ ಆಡಾಕ ಬರಂಗಿಲ್ಲೇನ್ರಿ ಮಾಮಾ?" ಅಂತ ಕೇಳಿದ. ಬರೋದಿಲ್ಲ ಅಂದೆ.

ಲಕ್ ಬಗ್ಗೆ ಟೀಮ್ ಲೀಡ್ ಹತ್ತಿರ ಮತ್ತೆ ಕೇಳಿದೆ. ಒಂದು ವರ್ಷ ತಡವಾಗಿ ಹೋದರೂ 2012ರಲ್ಲಿ ಅವನೇ ಮೊದಲನೆಯವನು, ಏನೂ ಕಳೆದುಕೊಳ್ಳಲಿಲ್ಲ. ಆದರೆ ಪೆಟ್ಟು ತಿಂದು ತಿಂದು 2019ರಲ್ಲಿ, 29ಕ್ಕೇ ಆಟ ಬಿಟ್ಟ. 2024ರಲ್ಲಿ ಅದೇ ಸ್ಟ್ಯಾನ್‌ಫರ್ಡ್‌ಗೆ ಫುಟ್‌ಬಾಲ್ ತಂಡದ ಜನರಲ್ ಮ್ಯಾನೇಜರ್ ಆಗಿ ವಾಪಸ್ ಬಂದನಂತೆ. ಯೂಯರ್ಸ್ ಹೆಸರು ಎತ್ತಿದೆ, ಸಪ್ತಾಪುರದವರು ಹೇಳಿದ್ದು ನಿಜ. ಆವತ್ತು 40 ಕ್ಲೇಮ್ ಜಾಸ್ತಿ ಬಂತು.

ಮುಳಗುಂದ ನಾಕಾ ಅವರೇ, ಮುಂದಿನ ಭಾನುವಾರ ಅವನನ್ನು ಕರೆದುಕೊಂಡು ಗದಗಕ್ಕೆ ಬರಬಹುದಾ? ನೀವು ಆ ಕಾಲು ತೋರಿಸಿದರೆ ಸಾಕು.

ಮುಳಗುಂದ ನಾಕಾ:

ಬನ್ನಿ. ಇಂಗ್ಲಿಷ್ ಪುಸ್ತಕ ತಗೊಂಡು ಬರಲು ಹೇಳಿ, ನನ್ನ ಹೆಂಡತಿ ಪಿಯು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತಾಳೆ.