ಸಂತಾನಹರಣ ಶಸ್ತ್ರಚಿಕಿತ್ಸೆಯ ಐದನೆಯ ದಿನ ಹೊಲಿಗೆಯ ಬಳಿ ಊತ: ಏನು ಮಾಡಬೇಕು?

ಪ್ರಶ್ನೆ

ನಮ್ಮ ಮನೆಯ ಹೆಣ್ಣುನಾಯಿ ಚಿನ್ನಿಗೆ ಎರಡು ವರ್ಷ, ತೂಕ 14 ಕಿಲೋ. ಐದು ದಿನಗಳ ಹಿಂದೆ ಅವಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಮೊದಲ ರಾತ್ರಿ ಅರಿವಳಿಕೆಯ ಮಂಪರಿನಲ್ಲಿ ತೂರಾಡುತ್ತಿದ್ದಳು, ಎರಡನೆಯ ದಿನ ಅರ್ಧ ಊಟ ಮಾಡಿದಳು, ಮೂರನೆಯ ದಿನದಿಂದ ಏನೂ ಆಗಿಲ್ಲವೆಂಬಂತೆ ಓಡಾಡತೊಡಗಿದಳು. ನಿನ್ನೆ ರಾತ್ರಿ ನಾವು ಕೋಣೆಯಲ್ಲಿ ಇಲ್ಲದ ಹೊತ್ತಿನಲ್ಲಿ ಮಂಚದ ಮೇಲೆ ಹಾರಿ ಮಲಗಿದ್ದಳು. ಇಂದು ಬೆಳಿಗ್ಗೆ ಹೊಲಿಗೆಯ ಕೆಳತುದಿಯ ಪಕ್ಕದಲ್ಲಿ ದೊಡ್ಡ ಗೋಲಿಯಷ್ಟು ಗಾತ್ರದ ಊತ ಕಾಣಿಸಿತು. ಅದು ಮೆತ್ತಗಿದೆ, ಬಿಸಿಯಿಲ್ಲ, ಮುಟ್ಟಿದರೆ ಅವಳು ನರಳುವುದಿಲ್ಲ. ಕೀವಾಗಲಿ ರಕ್ತವಾಗಲಿ ಇಲ್ಲ.

ಗಾಯ ನೆಕ್ಕದಂತೆ ಕುತ್ತಿಗೆಗೆ ಕೋನ್ (ತಲೆಯ ಸುತ್ತ ನಿಲ್ಲುವ ಆಲಿಕೆಯಾಕಾರದ ಪಟ್ಟಿ) ಹಾಕಿದರೆ ಇದ್ದಲ್ಲೇ ಕಲ್ಲಿನಂತೆ ನಿಂತುಬಿಡುತ್ತಾಳೆ, ನೀರನ್ನೂ ಮುಟ್ಟುವುದಿಲ್ಲ. ಆದ್ದರಿಂದ ಮನೆಯವರು ಮನಸ್ಸು ತಡೆಯದೆ ಆಗಾಗ ಅದನ್ನು ತೆಗೆಯುತ್ತಿದ್ದಾರೆ. ಈ ಊತಕ್ಕೆ ಗಾಬರಿಪಡಬೇಕೆ? ಮುಂದಿನ ತಿಂಗಳು ನಮ್ಮ ಬೆಕ್ಕಿಗೂ ಇದೇ ಶಸ್ತ್ರಚಿಕಿತ್ಸೆ ಇದೆ. ಈ ಸಲ ಆದ ತಪ್ಪುಗಳು ಅದಕ್ಕೂ ಆಗಬಾರದು ಎಂಬುದು ನನ್ನ ಕಾಳಜಿ.

ಮೊದಲ ಉತ್ತರ

ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಚರ್ಮದ ಕೆಳಗೆ ತಿಳಿ ದ್ರವ ತುಂಬಿಕೊಂಡಿರುವ ಸಾಧ್ಯತೆ ಹೆಚ್ಚು. ಹಾರಾಟ ಓಡಾಟ ಜಾಸ್ತಿಯಾದಾಗ ಚರ್ಮದ ಪದರಗಳು ಒಂದರ ಮೇಲೊಂದು ಉಜ್ಜಿ ಹೀಗಾಗುತ್ತದೆ, ಬಹುಪಾಲು ತಾನಾಗಿಯೇ ಇಂಗಿಹೋಗುತ್ತದೆ. ಆದರೆ ಒಳಗಿನ ಹೊಲಿಗೆ ಸಡಿಲಿ ಕೊಬ್ಬಾಗಲಿ ಕರುಳಾಗಲಿ ಚರ್ಮದಡಿಗೆ ಜಾರಿದಾಗಲೂ ಊತ ಮೆತ್ತಗೇ ಇರಬಹುದು. ಅದನ್ನು ಇದರಿಂದ ಬೇರ್ಪಡಿಸಿ ಹೇಳುವುದು ಕೈಯಿಟ್ಟು ಪರೀಕ್ಷಿಸಿದ ಪಶುವೈದ್ಯರಿಗೆ ಮಾತ್ರ ಸಾಧ್ಯ. ಹಾಗಾಗಿ ಇಂದೇ ತೋರಿಸಿ. ಅಲ್ಲಿಯವರೆಗೆ ಊತವನ್ನು ಒತ್ತಬೇಡಿ, ಸೂಜಿ ಚುಚ್ಚಬೇಡಿ, ಶಾಖ ಕೊಡಬೇಡಿ, ಮನೆಮದ್ದು ಹಚ್ಚಬೇಡಿ. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸುರಿಯುವವರಿದ್ದಾರೆ. ಅದು ಹೊಸದಾಗಿ ಕೂಡಿಕೊಳ್ಳುತ್ತಿರುವ ಮಾಂಸವನ್ನೇ ಸುಡುತ್ತದೆ.

ಊತದ ಪಕ್ಕದಲ್ಲಿ ಒಂದು ನಾಣ್ಯವನ್ನು ಹಿಡಿದು, ಬೆಳಿಗ್ಗೆ ಸಂಜೆ ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ ಫೋಟೋ ತೆಗೆದಿಡಿ. ದಿನವೂ ನೋಡುವ ಕಣ್ಣಿಗೆ ಗಾತ್ರದ ಬದಲಾವಣೆ ತಿಳಿಯುವುದಿಲ್ಲ, ಫೋಟೋಗಳನ್ನು ಜೋಡಿಸಿಟ್ಟರೆ ತಿಳಿಯುತ್ತದೆ.

ಕೆಳಗಿನ ಯಾವುದೇ ಲಕ್ಷಣ ಕಂಡರೆ ರಾತ್ರಿಯಾದರೂ ಕಾಯಬಾರದು: ಗಾಯದ ಅಂಚು ಬಾಯಿ ಬಿಡುವುದು, ದುರ್ವಾಸನೆಯ ಸ್ರಾವ, ಹನಿಹನಿಯಾಗಿ ನಿಲ್ಲದ ರಕ್ತ, ಪದೇಪದೇ ವಾಂತಿ, ಹೊಟ್ಟೆ ಬಿಗಿದು ಉಬ್ಬುವುದು. ಒಸಡನ್ನೂ ನೋಡಿ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಸುಮಾರು 2 ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಒಸಡೇ ಬಿಳಚಿಕೊಂಡಿದ್ದರೆ ಒಳಗೆ ರಕ್ತಸ್ರಾವವಾಗುತ್ತಿರಬಹುದು. ಗಾಢ ನಿದ್ದೆಯಲ್ಲಿರುವಾಗ ಉಸಿರಾಟ ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರಬೇಕು.

ಇನ್ನು ಕೋನ್ ವಿಷಯ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಏಕೆಂದರೆ ಇದಕ್ಕೆ ನಾನೇ ಬೆಲೆ ತೆತ್ತಿದ್ದೇನೆ. ನನ್ನ ನಾಯಿಗೆ ಶಸ್ತ್ರಚಿಕಿತ್ಸೆಯಾದ ಆರನೆಯ ದಿನ, ಊಟ ಮಾಡಲಿ ಎಂದು ಕೋನ್ ತೆಗೆದು, ಬಾಗಿಲಿಗೆ ಯಾರೋ ಬಂದರೆಂದು ಎದ್ದುಹೋದೆ. ಹತ್ತು ನಿಮಿಷಕ್ಕೆ ಹಿಂದಿರುಗಿದಾಗ ಮೂರು ಹೊಲಿಗೆ ಕಿತ್ತುಹೋಗಿ, ಚರ್ಮ ಗುಂಡಿ ಬಿಚ್ಚಿದ ಅಂಗಿಯ ಹಾಗೆ ತೆರೆದುಕೊಂಡಿತ್ತು. ಮತ್ತೊಮ್ಮೆ ಅರಿವಳಿಕೆ, ಮತ್ತೊಮ್ಮೆ ಹೊಲಿಗೆ. ಆ ಮೂಕಪ್ರಾಣಿ ಎರಡನೆಯ ಸಲ ಅದನ್ನು ಅನುಭವಿಸಿದ್ದು ನನ್ನ ಹತ್ತು ನಿಮಿಷದ ಕರುಣೆಯಿಂದ.

ನೋವು ಮೂರ್ನಾಲ್ಕು ದಿನದಲ್ಲಿ ಇಳಿಯುತ್ತದೆ, ಗಾಯ ಮಾತ್ರ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಮೇಲಿನ ಚರ್ಮ ಕೂಡಿಕೊಳ್ಳಲು 10ರಿಂದ 14 ದಿನ ಬೇಕು, ಹೊಟ್ಟೆಯ ಗೋಡೆಗೆ ಹಳೆಯ ಬಲ ಬರಲು ಇನ್ನೂ ಎಷ್ಟೋ ವಾರ ಹಿಡಿಯುತ್ತದೆ. ಪ್ರಾಣಿ ಚೆನ್ನಾಗಿ ಆಡುವ ಈ ನಡುವಿನ ದಿನಗಳೇ ಹೆಚ್ಚು ಅಪಾಯದವು.

ಕೋನ್ ಹಾಕಿದ ನಾಯಿ ನೀರು ಕುಡಿಯದಿರುವುದಕ್ಕೆ ಹಟವೇ ಕಾರಣವಾಗಬೇಕಿಲ್ಲ. ಕೋನಿನ ಅಂಚು ನೆಲಕ್ಕೆ ತಾಗಿ ಬಾಯಿ ಬಟ್ಟಲಿಗೆ ಎಟುಕುತ್ತಿರುವುದಿಲ್ಲ. ಬಟ್ಟಲನ್ನು ಕೋನಿನ ಬಾಯೊಳಗೆ ಹೋಗುವಷ್ಟು ಚಿಕ್ಕದು ಮಾಡಿ, ಒಂದು ಗೇಣು ಎತ್ತರದ ಮಣೆಯ ಮೇಲಿಡಿ. ಕೋನಿನ ಅಂಚು ಮೂತಿಯ ತುದಿಗಿಂತ ಸ್ವಲ್ಪ ಮುಂದಕ್ಕಿರಬೇಕು, ಕುತ್ತಿಗೆಯ ಬಳಿ ಎರಡು ಬೆರಳು ತೂರುವಷ್ಟು ಸಡಿಲವಿರಬೇಕು. ಮಂಚವಿರುವ ಕೋಣೆಯ ಬಾಗಿಲು ಮುಚ್ಚಿರಲಿ, ಜಾರುವ ನೆಲದ ಮೇಲೆ ಚಾಪೆ ಹಾಸಿ, ಮಲಮೂತ್ರಕ್ಕೂ ಹಗ್ಗ ಹಿಡಿದೇ ಕರೆದೊಯ್ಯಿರಿ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದೆಲ್ಲವನ್ನೂ ಒಪ್ಪುತ್ತೇನೆ. ನನ್ನ ಮನೆಯಲ್ಲಿ ಬೆಕ್ಕುಗಳೇ ಹೆಚ್ಚು, ಆದ್ದರಿಂದ ಆ ಭಾಗವನ್ನು ಮಾತ್ರ ಬರೆಯುತ್ತೇನೆ.

ಸಾಗಿಸುವ ಪೆಟ್ಟಿಗೆಯನ್ನು ಇಂದೇ ಹೊರಗೆ ತೆಗೆದು, ಬಾಗಿಲು ತೆರೆದು, ಬೆಕ್ಕು ಮಲಗುವ ಬಟ್ಟೆಯನ್ನೇ ಒಳಗೆ ಹಾಸಿಡಿ. ಹೊರಡುವ ದಿನ ಪೆಟ್ಟಿಗೆ ಕಂಡೊಡನೆ ಕಪಾಟಿನ ಹಿಂದೆ ಓಡುವ ಬೆಕ್ಕು ಆಸ್ಪತ್ರೆ ತಲಪುವ ಹೊತ್ತಿಗೆ ಆಗಲೇ ಬೆದರಿ ಬಸವಳಿದಿರುತ್ತದೆ. ಉಪವಾಸ ಎಷ್ಟು ಹೊತ್ತು ಎಂಬುದನ್ನು ಪಶುವೈದ್ಯರಿಂದಲೇ ಕೇಳಿ ಬರೆದುಕೊಳ್ಳಿ. ಹೊಟ್ಟೆಯಲ್ಲಿ ಆಹಾರವಿದ್ದರೆ ಅರಿವಳಿಕೆಯ ಸಮಯದಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ, ಅದಕ್ಕಾಗಿ ಹಿಂದಿನ ರಾತ್ರಿಯಿಂದ ಆಹಾರ ನಿಲ್ಲಿಸಲು ಹೇಳುವುದು ವಾಡಿಕೆ. ನೀರನ್ನು ಅಷ್ಟು ಹೊತ್ತು ನಿಲ್ಲಿಸಬೇಕಾಗುವುದಿಲ್ಲ. ತೀರ ಎಳೆಯ ಮರಿಗಳಿಗೆ ಉದ್ದನೆಯ ಉಪವಾಸ ಸಲ್ಲದು, ರಕ್ತದ ಸಕ್ಕರೆ ಕುಸಿಯುತ್ತದೆ. (ಇದನ್ನು ಓದುವವರಲ್ಲಿ ಮೊಲ ಸಾಕಿದವರಿದ್ದರೆ ಗಮನಿಸಿ: ಮೊಲ ವಾಂತಿ ಮಾಡಲಾರದು, ಅದರ ಕರುಳು ಚಲಿಸುತ್ತಲೇ ಇರಬೇಕು, ಆದ್ದರಿಂದ ಅದನ್ನು ಹೀಗೆ ಉಪವಾಸ ಕೆಡವುವುದಿಲ್ಲ.)

ಮನೆಗೆ ತಂದ ಮೇಲೆ ಮಲದ ತಟ್ಟೆಯಲ್ಲಿ ಕೆಲವು ದಿನ ಮರಳಿನ ಬದಲು ಹರಿದ ಕಾಗದ ಹಾಕಿ, ಧೂಳು ಗಾಯಕ್ಕೆ ಅಂಟುವುದಿಲ್ಲ. ಆಸ್ಪತ್ರೆಯ ವಾಸನೆ ಹೊತ್ತು ಬಂದ ಬೆಕ್ಕನ್ನು ಮನೆಯ ಇತರ ಪ್ರಾಣಿಗಳು ಗುರುತಿಸದೆ ಮೇಲೆ ಬೀಳಬಹುದು, ಅದಕ್ಕೆ ಒಂದು ಬೇರೆ ಕೋಣೆ ಕೊಡಿ. ಇಡೀ ಒಂದು ದಿನ ಏನೂ ತಿನ್ನದಿದ್ದರೆ ಫೋನ್ ಮಾಡಿ ವಿಚಾರಿಸಿ; ಊಟ ಬಿಟ್ಟ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ಸೇರಿ ಬೇರೆಯೇ ಕಾಯಿಲೆಗೆ ದಾರಿಯಾಗುತ್ತದೆ.

ನೋವಿಗೆಂದು ಮನೆಯಲ್ಲಿರುವ ಮಾತ್ರೆ ಕೊಡುವ ಯೋಚನೆಯನ್ನೇ ಮಾಡಬೇಡಿ. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಐಬುಪ್ರೊಫೆನ್ ನಾಯಿಗೂ ವಿಷವೇ.

ಪ್ರಶ್ನೆ ಕೇಳಿದವರು, ಅದೇ ಸಂಜೆ

ಇಬ್ಬರಿಗೂ ಕೃತಜ್ಞತೆಗಳು. ಮಧ್ಯಾಹ್ನವೇ ತೋರಿಸಿದೆವು. ವೈದ್ಯರು ಚಿನ್ನಿಯನ್ನು ನಿಲ್ಲಿಸಿ ಒಮ್ಮೆ, ಮಲಗಿಸಿ ಒಮ್ಮೆ ಊತವನ್ನು ಮೆಲ್ಲಗೆ ಒತ್ತಿ ನೋಡಿ, ಒಳಗಿನ ಹೊಲಿಗೆ ಭದ್ರವಾಗಿದೆ, ಇದು ದ್ರವ ಮಾತ್ರ ಎಂದರು. ಸೂಜಿಯಿಂದ ತೆಗೆದರೆ ಸೋಂಕು ಒಳಹೋಗುವ ಸಂಭವವಿರುವುದರಿಂದ ಹಾಗೆಯೇ ಬಿಡುವುದು ಮೇಲು ಎಂದೂ ಹೇಳಿದರು. ಬಟ್ಟಲನ್ನು ಮಣೆಯ ಮೇಲಿಟ್ಟ ಕೂಡಲೆ, ಕೋನ್ ಹಾಕಿಕೊಂಡೇ ಅವಳು ಲೊಚಲೊಚನೆ ನೀರು ಕುಡಿದಳು. ಐದು ದಿನ ನಮಗೆ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ ಎಂದು ಸಂಕಟವಾಯಿತು. ಇನ್ನೊಂದು ಸಂದೇಹ: ಅವಳು ಮಲವಿಸರ್ಜನೆ ಮಾಡಿದ್ದು ನಾಲ್ಕನೆಯ ದಿನ. ಇದು ಸಹಜವೇ?

ಮೊದಲ ಉತ್ತರ ಬರೆದವರು

ಸಹಜವೇ. ಹಿಂದಿನ ರಾತ್ರಿಯ ಉಪವಾಸ, ಆಮೇಲಿನ ಅರೆಹೊಟ್ಟೆ ಊಟ, ಕೆಲವು ನೋವಿನ ಔಷಧಿಗಳು ಕರುಳಿನ ವೇಗ ತಗ್ಗಿಸುವುದು, ಇವೆಲ್ಲ ಸೇರಿ ಮೂರ್ನಾಲ್ಕು ದಿನ ತಡವಾಗುತ್ತದೆ. ಮೂತ್ರ ಮಾತ್ರ ಒಂದು ದಿನವೂ ನಿಲ್ಲಬಾರದು. ಬೆಕ್ಕಿನ ವಿಷಯದಲ್ಲೂ ಇದನ್ನು ನೆನಪಿಡಿ.

ಪ್ರಶ್ನೆ ಕೇಳಿದವರು, ಒಂಬತ್ತು ದಿನಗಳ ನಂತರ

ನಿನ್ನೆ, ಹದಿಮೂರನೆಯ ದಿನ, ಹೊಲಿಗೆ ತೆಗೆದರು. ನಾಣ್ಯದ ಪಕ್ಕದ ಊತ ಎಂಟನೆಯ ದಿನದ ಫೋಟೋದಿಂದಲೇ ಇಳಿಯುತ್ತ ಬಂದು, ಈಗ ಬೆರಳಿಗೆ ಮಾತ್ರ ತಿಳಿಯುವಷ್ಟಿದೆ. ದಾರ ತೆಗೆದ ರಂಧ್ರಗಳನ್ನು ನೆಕ್ಕದಂತೆ ಇನ್ನೂ ಎರಡು ದಿನ ಕೋನ್ ಇರಲಿ ಎಂದಿದ್ದಾರೆ. ಈ ಸಲ ಮನೆಯಲ್ಲಿ ಯಾರೂ ಅದನ್ನು ಮುಟ್ಟುತ್ತಿಲ್ಲ. ಬೆಕ್ಕಿನ ಪೆಟ್ಟಿಗೆ ಕಿಟಕಿಯ ಕೆಳಗೆ ಬಾಗಿಲು ತೆರೆದುಕೊಂಡೇ ಇದೆ. ಇಂದು ಮಧ್ಯಾಹ್ನ ಮೊದಲ ಸಲ ಅದು ತಾನಾಗಿಯೇ ಒಳಗೆ ಹೋಗಿ ಮಲಗಿತು.