ಓವೆನ್ ಹಾರ್‌ಗ್ರೀವ್ಸ್: ಎಲ್ಲ ಸ್ಥಾನಗಳಿಗೂ ಒಗ್ಗಿದ್ದೇ ಅವರಿಗೆ ಮುಳುವಾಯಿತೇ?

ಪ್ರಶ್ನೆ — ಮೈದಾನದಂಚು

ಎಲ್ಲರಿಗೂ ನಮಸ್ಕಾರ. ಕೆಲವು ದಿನಗಳಿಂದ 2006ರ ಫುಟ್‌ಬಾಲ್ ವಿಶ್ವಕಪ್‌ನ ಇಂಗ್ಲೆಂಡ್ ಪಂದ್ಯಗಳನ್ನು ಮತ್ತೊಮ್ಮೆ ನೋಡುತ್ತಿದ್ದೇನೆ. ಬೆಕ್‌ಹ್ಯಾಮ್, ಲ್ಯಾಂಪಾರ್ಡ್, ಜೆರಾರ್ಡ್, ರೂನಿ ಮುಂತಾದ ಘಟಾನುಘಟಿಗಳಿದ್ದ ತಂಡವದು. ಹಾಗಿದ್ದರೂ ಈ ಸಲ ನನ್ನ ಕಣ್ಣು ಮತ್ತೆ ಮತ್ತೆ ಹೋಗಿ ನಿಂತದ್ದು ಓವೆನ್ ಹಾರ್‌ಗ್ರೀವ್ಸ್ ಅವರ ಮೇಲೆ. ಮೊದಲ ಪಂದ್ಯದಲ್ಲಿ ಅವರು ಕೊನೆಯ ಕೆಲವು ನಿಮಿಷಗಳಿಗಷ್ಟೇ ಬದಲಿ ಆಟಗಾರರಾಗಿ ಬಂದರು. ಸ್ವೀಡನ್ ವಿರುದ್ಧ ಮಿಡ್‌ಫೀಲ್ಡ್‌ನಲ್ಲಿ, ಅಂದರೆ ಮೈದಾನದ ನಡುಭಾಗದಲ್ಲಿ, ಈಕ್ವೆಡಾರ್ ವಿರುದ್ಧ ರೈಟ್ ಬ್ಯಾಕ್ ಆಗಿ, ಅಂದರೆ ರಕ್ಷಣಾ ಸಾಲಿನ ಬಲತುದಿಯಲ್ಲಿ ಆಡಿದರು. ಪೋರ್ಚುಗಲ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಮತ್ತೆ ರಕ್ಷಣಾ ಸಾಲಿನ ಮುಂದೆ ಕಾವಲಿಗೆ ನಿಂತರು. ಯಾವ ಸ್ಥಾನದಲ್ಲಿಯೂ ಅವರು ಹೊಸಬರಂತೆ ತಡವರಿಸಿದ್ದು ಕಾಣಲಿಲ್ಲ.

ಅವರ ಹಿನ್ನೆಲೆಯೂ ಅಷ್ಟೇ ಕುತೂಹಲಕರವಾಗಿದೆ. 1981ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಹುಟ್ಟಿ ಅಲ್ಲಿಯೇ ಬೆಳೆದ ಅವರು, ಹದಿನಾರನೆಯ ವಯಸ್ಸಿನಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ಬಿನ ಯುವ ವಿಭಾಗವನ್ನು ಸೇರಿದರು. ತಂದೆ ಇಂಗ್ಲೆಂಡಿನ ಬೋಲ್ಟನ್‌ನವರು, ತಾಯಿ ವೇಲ್ಸ್‌ನವರು. 2001ರಲ್ಲಿ ಇಂಗ್ಲೆಂಡಿನ ಜೆರ್ಸಿ ತೊಟ್ಟಾಗ ಅವರು ಬ್ರಿಟನ್ನಿನಲ್ಲಿ ಒಂದು ದಿನವೂ ವಾಸವಾಗಿದ್ದವರಲ್ಲ.

ನನ್ನ ಪ್ರಶ್ನೆ ಇಷ್ಟೇ. ಒಂದು ಸ್ಥಾನವನ್ನು ತನ್ನದೆಂದು ಗಟ್ಟಿಯಾಗಿ ಹಿಡಿದುಕೊಳ್ಳದೆ ಕೇಳಿದ ಕಡೆಯಲ್ಲೆಲ್ಲ ಆಡಿದ್ದರಿಂದ ಅವರಿಗೆ ಸಲ್ಲಬೇಕಾದ ಹೆಸರು ಸಲ್ಲದೆ ಹೋಯಿತೇ? ಅಥವಾ ಆ ಗುಣವಿಲ್ಲದಿದ್ದರೆ ಅವರು ಅಷ್ಟು ದೂರ ಬರುವುದೇ ಸಾಧ್ಯವಿರಲಿಲ್ಲವೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ — ಹಳೆಯ ಬುಂಡೆಸ್‌ಲಿಗಾ

ನಾನು ಆ ವರ್ಷಗಳಲ್ಲಿ ಬಯರ್ನ್ ತಂಡದ ಆಟವನ್ನು ಹೆಚ್ಚುಕಡಿಮೆ ಬಿಡದೆ ನೋಡಿದವನಾದ್ದರಿಂದ ಮೊದಲು ಅಲ್ಲಿಂದಲೇ ಆರಂಭಿಸುತ್ತೇನೆ. ಹಾರ್‌ಗ್ರೀವ್ಸ್ 2000ದ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಹಿರಿಯರ ತಂಡದಲ್ಲಿ ಕಾಣಿಸಿಕೊಂಡರು. ಯುರೋಪಿನ ಅಗ್ರ ಕ್ಲಬ್ಬುಗಳು ಸೆಣಸುವ ಚಾಂಪಿಯನ್ಸ್ ಲೀಗ್‌ನ ಆ ಋತುವಿನ ಸೆಮಿಫೈನಲ್‌ನ ಎರಡನೆಯ ಪಂದ್ಯದಲ್ಲಿ ರಿಯಲ್ ಮ್ಯಾಡ್ರಿಡ್ ಎದುರಾದಾಗ ನಾಯಕ ಸ್ಟೆಫಾನ್ ಎಫೆನ್‌ಬರ್ಗ್ ಅಮಾನತಿನಿಂದಾಗಿ ಆಡುವಂತಿರಲಿಲ್ಲ. ಅಂಥ ನಾಯಕನ ಜಾಗದಲ್ಲಿ, ಅಂಥ ಎದುರಾಳಿಯ ಮುಂದೆ ತರಬೇತುದಾರ ಒಟ್ಮಾರ್ ಹಿಟ್ಸ್‌ಫೆಲ್ಡ್ ಕಣಕ್ಕಿಳಿಸಿದ್ದು ಇಪ್ಪತ್ತು ವರ್ಷದ ಈ ಹುಡುಗನನ್ನು. ಬಯರ್ನ್ 2–1ರಿಂದ ಗೆದ್ದಿತು. ಎಫೆನ್‌ಬರ್ಗ್ ಮರಳಿದ ಮೇಲೂ, 2001ರ ಮೇ 23ರಂದು ಮಿಲಾನ್‌ನಲ್ಲಿ ವೆಲೆನ್ಸಿಯಾ ವಿರುದ್ಧ ನಡೆದ ಫೈನಲ್‌ನಲ್ಲಿ ಹುಡುಗನ ಜಾಗ ಉಳಿಯಿತು. ಈ ಸಲ ಅವರು ಆಡಿದ್ದು ಎಫೆನ್‌ಬರ್ಗ್ ಅವರ ಪಕ್ಕದಲ್ಲಿ.

ಇಷ್ಟು ಚಿಕ್ಕ ವಯಸ್ಸಿನಲ್ಲಿ ಇಷ್ಟು ದೊಡ್ಡ ಕಪ್ಪನ್ನು ಎತ್ತಿದವರು ಮುಂದಿನ ಋತುವಿನಿಂದಲೇ ತಂಡದ ಕಂಬವಾಗಿ ಬೆಳೆಯುತ್ತಾರೆಂದು ನಾವೆಲ್ಲ ಎಣಿಸಿದ್ದೆವು. ಆದದ್ದೇ ಬೇರೆ. ಮಿಡ್‌ಫೀಲ್ಡ್‌ನಲ್ಲಿ ಯೆನ್ಸ್ ಯೆರೆಮೀಸ್ ಇದ್ದರು. 2002ರಲ್ಲಿ ಬಾಲಾಕ್ ಮತ್ತು ಝೆ ರಾಬರ್ಟೊ ಬಂದರು. ಅವರ ಬೆನ್ನಿಗೆ ಡೆಮಿಚೆಲಿಸ್, ಆಮೇಲೆ ಫ್ರಿಂಗ್ಸ್ ಬಂದರು. ಪ್ರತಿ ಬೇಸಿಗೆಯಲ್ಲಿಯೂ ಆ ಜಾಗಕ್ಕೆ ಹೊಸ ಹೆಸರೊಂದು ಸೇರುತ್ತಿತ್ತು, ಹಾರ್‌ಗ್ರೀವ್ಸ್ ಮಾತ್ರ ಯಾರಿಗಾದರೂ ಗಾಯವಾದಾಗ, ಯಾರಿಗಾದರೂ ಅಮಾನತಾದಾಗ ಬಲಕ್ಕೋ ಎಡಕ್ಕೋ ನಡುವಿಗೋ ಹೋಗಿ ನಿಲ್ಲುತ್ತಿದ್ದರು. ತರಬೇತುದಾರನಿಗೆ ಇಂಥವರು ವರವಾಗಿರುತ್ತಾರೆ. ಆದರೆ ಆ ವರ ಆಟಗಾರನ ಪಾಲಿಗೂ ವರವೇ ಎಂದು ಹೇಳಲಾಗದು. ಯಾರನ್ನು ಎಲ್ಲಿ ಬೇಕಾದರೂ ಆಡಿಸಬಹುದೋ, ಅವರನ್ನು ಬೆಂಚಿನ ಮೇಲೆ ಇಟ್ಟುಕೊಳ್ಳುವುದಕ್ಕೆ ತರಬೇತುದಾರನಿಗೆ ಹೆಚ್ಚು ಕಾರಣಗಳಿರುತ್ತವೆ, ಏಕೆಂದರೆ ಆ ಒಬ್ಬರು ಬೆಂಚಿನಲ್ಲಿದ್ದರೆ ಮೂರು ಸ್ಥಾನಗಳಿಗೆ ಕಾಪು ಇದ್ದಂತೆ.

ಏಳು ಋತುಗಳಲ್ಲಿ ಅವರು ಜರ್ಮನಿಯ ಅಗ್ರ ಲೀಗ್ ಆದ ಬುಂಡೆಸ್‌ಲಿಗಾದಲ್ಲಿ 145 ಪಂದ್ಯಗಳನ್ನು ಆಡಿದರು, ನಾಲ್ಕು ಲೀಗ್ ಪ್ರಶಸ್ತಿಗಳನ್ನೂ ಮೂರು ಜರ್ಮನ್ ಕಪ್‌ಗಳನ್ನೂ ಗೆದ್ದರು. ಇದು ಸಾಮಾನ್ಯ ಸಾಧನೆಯಲ್ಲ. ಆದರೂ ಬಯರ್ನ್‌ನ ಆ ಕಾಲದ ಆಟಗಾರರನ್ನು ನೆನಪಿನಿಂದ ಪಟ್ಟಿ ಮಾಡಿ ಎಂದು ಯಾರನ್ನಾದರೂ ಕೇಳಿ ನೋಡಿ, ಅವರ ಹೆಸರು ಎಂಟನೆಯದಾಗಿಯೋ ಒಂಬತ್ತನೆಯದಾಗಿಯೋ ಬರುತ್ತದೆ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೌದು ಎಂದೇ.

ಉತ್ತರ — ಉತ್ತರದ ಗಾಳಿ

ಮೇಲಿನವರು ಜರ್ಮನಿಯ ಮಾತನ್ನು ಚೆನ್ನಾಗಿ ಹೇಳಿದ್ದಾರೆ, ನಾನು ಕೆನಡಾದ ಮಾತೊಂದನ್ನು ಸೇರಿಸುತ್ತೇನೆ. ಹುಟ್ಟಿನಿಂದ ಕೆನಡಾ, ತಂದೆಯಿಂದ ಇಂಗ್ಲೆಂಡ್, ತಾಯಿಯಿಂದ ವೇಲ್ಸ್, ವಾಸದಿಂದ ಜರ್ಮನಿ, ಹೀಗೆ ನಾಲ್ಕು ದೇಶಗಳ ಬಾಗಿಲು ಅವರಿಗೆ ತೆರೆದಿತ್ತು. ಅವರು ಇಂಗ್ಲೆಂಡನ್ನು ಆರಿಸಿಕೊಂಡಾಗ ಕೆನಡಾದ ಅನೇಕರು ನೊಂದುಕೊಂಡರು, ಸಿಟ್ಟಾದರು. ವಿಚಿತ್ರವೆಂದರೆ ಇಂಗ್ಲೆಂಡಿನ ಪ್ರೇಕ್ಷಕರೂ ಅವರನ್ನು ಕೂಡಲೇ ತಮ್ಮವರೆಂದು ಒಪ್ಪಿಕೊಳ್ಳಲಿಲ್ಲ. ಇಂಗ್ಲೆಂಡಿನ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಿರದ, ಮಾತಿನಲ್ಲಿ ಕೆನಡಾದ ಉಚ್ಚಾರಣೆಯಿದ್ದ ಆಟಗಾರ ಅವರ ಕಣ್ಣಿಗೆ ಪರಕೀಯನಾಗಿಯೇ ಉಳಿದ. 2006ರ ಬೇಸಿಗೆಯಲ್ಲಿ ಅವರು ಬದಲಿಯಾಗಿ ಮೈದಾನಕ್ಕಿಳಿದಾಗ ಸ್ವಂತ ಬೆಂಬಲಿಗರೇ ಕೂಗಿ ಗೇಲಿ ಮಾಡಿದ್ದುಂಟು.

ಇದೇ ಬಯರ್ನ್‌ನಲ್ಲಿ ಆಮೇಲೆ ಬಂದ ಆಲ್ಫಾನ್ಸೊ ಡೇವಿಸ್ ಅವರನ್ನು ಪಕ್ಕದಲ್ಲಿಟ್ಟು ನೋಡಿ. ಘಾನಾದ ನಿರಾಶ್ರಿತರ ಶಿಬಿರದಲ್ಲಿ ಲೈಬೀರಿಯಾದ ತಂದೆತಾಯಿಗಳಿಗೆ ಹುಟ್ಟಿ, ಎಡ್ಮಂಟನ್‌ನಲ್ಲಿ ಬೆಳೆದು, 2017ರಲ್ಲಿ ಕೆನಡಾದ ಪೌರತ್ವ ಸಿಕ್ಕ ಕೂಡಲೇ ಆ ದೇಶದ ಪರ ಆಡಿದವರು ಅವರು. ಅವರದ್ದೂ ಸ್ಥಾನ ಬದಲಿಸಿದ ಕಥೆಯೇ. ರೆಕ್ಕೆಯಲ್ಲಿ, ಅಂದರೆ ಮೈದಾನದ ಪಕ್ಕದ ಅಂಚಿನಲ್ಲಿ ಮುಂದೆ ಆಡುತ್ತಿದ್ದವರನ್ನು 2019ರಲ್ಲಿ ರಕ್ಷಣಾ ಆಟಗಾರರ ಗಾಯಗಳಿಂದಾಗಿ ಲೆಫ್ಟ್ ಬ್ಯಾಕ್ ಮಾಡಲಾಯಿತು, ಅದೇ ಅವರ ಹೆಸರಾಯಿತು. 2022ರ ವಿಶ್ವಕಪ್‌ನಲ್ಲಿ ಕ್ರೊಯೇಷಿಯಾ ವಿರುದ್ಧ ಎರಡನೆಯ ನಿಮಿಷದಲ್ಲಿಯೇ ಅವರು ಹೊಡೆದದ್ದು ಪುರುಷರ ವಿಶ್ವಕಪ್‌ನಲ್ಲಿ ಕೆನಡಾದ ಮೊತ್ತಮೊದಲ ಗೋಲು. ಹಾರ್‌ಗ್ರೀವ್ಸ್ ಕೆನಡಾವನ್ನು ಆರಿಸಿದ್ದರೆ ಅವರಿಗೆ ವಿಶ್ವಕಪ್ ಆಡುವ ಭಾಗ್ಯವೇ ಇರುತ್ತಿರಲಿಲ್ಲ, ಏಕೆಂದರೆ 1986ರಿಂದ 2022ರ ನಡುವೆ ಕೆನಡಾ ಒಂದು ಸಲವೂ ಅರ್ಹತೆ ಪಡೆಯಲಿಲ್ಲ. ಅವರ ಆಯ್ಕೆಯನ್ನು ದೂರುವವರು ಈ ಲೆಕ್ಕವನ್ನೂ ಹಾಕಬೇಕು.

ಉತ್ತರ — ಬಲಗಡೆಯ ಗೆರೆ

"ಹಳೆಯ ಬುಂಡೆಸ್‌ಲಿಗಾ" ಅವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ನಾನು ಹವ್ಯಾಸಿ ತಂಡವೊಂದರಲ್ಲಿ ಹಲವು ವರ್ಷ ಮಿಡ್‌ಫೀಲ್ಡ್‌ನಲ್ಲಿಯೂ ರೈಟ್ ಬ್ಯಾಕ್ ಆಗಿಯೂ ಆಡಿದ್ದೇನೆ, ಆ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ. ರೈಟ್ ಬ್ಯಾಕ್ ಆದವನಿಗೆ ಬಲಭುಜದ ಕಡೆ ಗೆರೆ ಇರುತ್ತದೆ, ಆ ಕಡೆಯಿಂದ ಯಾರೂ ಬರುವಂತಿಲ್ಲ. ಇಡೀ ಮೈದಾನ ಕಣ್ಣಮುಂದೆ ಹರಡಿರುತ್ತದೆ. ನಡುವೆ ನಿಂತವನಿಗೆ ಆ ಆಸರೆ ಇಲ್ಲ. ಚೆಂಡು ಕಾಲಿಗೆ ಬರುವ ಮೊದಲೇ ಬೆನ್ನ ಹಿಂದೆ ಯಾರಿದ್ದಾರೆಂದು ಕತ್ತು ತಿರುಗಿಸಿ ನೋಡಿಟ್ಟುಕೊಂಡಿರಬೇಕು. ಒಂದು ಪಂದ್ಯದಿಂದ ಇನ್ನೊಂದಕ್ಕೆ ಈ ಎರಡು ಕೆಲಸಗಳನ್ನು ಅದಲುಬದಲು ಮಾಡಿಕೊಳ್ಳುವುದು ಎಷ್ಟು ಕಷ್ಟವೆಂದರೆ, ನನ್ನಂಥವನಿಗೆ ಮೊದಲ ಹದಿನೈದು ನಿಮಿಷ ಎಲ್ಲಿ ನಿಲ್ಲಬೇಕೆಂಬುದೇ ತಿಳಿಯುತ್ತಿರಲಿಲ್ಲ.

ಹಾರ್‌ಗ್ರೀವ್ಸ್ ಅವರಲ್ಲಿ ಇದ್ದದ್ದು ಹಲವು ಕಲೆಗಳೆಂದು ನನಗೆ ಅನಿಸುವುದಿಲ್ಲ. ಇದ್ದದ್ದು ಒಂದೇ ಕಲೆ, ಎದುರಾಳಿಗೂ ಚೆಂಡಿಗೂ ನಡುವಿನ ಅಂತರವನ್ನು ಬೇರೆಯವರಿಗಿಂತ ಒಂದು ಹೆಜ್ಜೆ ಮೊದಲು ಮುಚ್ಚುವುದು. ಅದನ್ನು ನಡುವೆ ಮಾಡಿದರೆ ರಕ್ಷಣಾ ಮಿಡ್‌ಫೀಲ್ಡರ್ ಎನ್ನುತ್ತೇವೆ, ಬಲಗಡೆ ಹಿಂದೆ ಮಾಡಿದರೆ ರೈಟ್ ಬ್ಯಾಕ್ ಎನ್ನುತ್ತೇವೆ, ಅಷ್ಟೇ ವ್ಯತ್ಯಾಸ. ಹಾಗಾಗಿ ಅವರಿಗೆ ಒಂದು ಸ್ಥಾನ ಸಿಗಲಿಲ್ಲವೆಂದು ಮರುಗುವುದು ನನಗೆ ಸರಿಕಾಣದು.

2008ರ ವಸಂತವನ್ನೇ ತೆಗೆದುಕೊಳ್ಳಿ. ಹಿಂದಿನ ವರ್ಷ ಸುಮಾರು 1.7 ಕೋಟಿ ಪೌಂಡ್ ಕೊಟ್ಟು ಮ್ಯಾಂಚೆಸ್ಟರ್ ಯುನೈಟೆಡ್ ಅವರನ್ನು ಕರೆತಂದಿತ್ತು. ಏಪ್ರಿಲ್ 13ರಂದು ಆರ್ಸೆನಲ್ ವಿರುದ್ಧ ಅವರ ಫ್ರೀ ಕಿಕ್ ಗೋಲು ಪಂದ್ಯವನ್ನು 2–1ಕ್ಕೆ ತಿರುಗಿಸಿತು. ಆ ವರ್ಷದ ಲೀಗ್ ಪ್ರಶಸ್ತಿಯ ಹಾದಿಯಲ್ಲಿ ಅದು ಬಹಳ ಬೆಲೆಯುಳ್ಳ ಗೋಲು. ಅದಾಗಿ ಹತ್ತು ದಿನಕ್ಕೆ ಬಾರ್ಸಿಲೋನಾದಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ವಿಡಿಚ್ ಇಲ್ಲದ ಕಾರಣ ವೆಸ್ ಬ್ರೌನ್ ರಕ್ಷಣೆಯ ನಡುವಿಗೆ ಹೋದರು, ಹಾರ್‌ಗ್ರೀವ್ಸ್ ರೈಟ್ ಬ್ಯಾಕ್ ಆದರು. ಎರಡೂ ಪಂದ್ಯಗಳಲ್ಲಿ, ಅಂದರೆ 180 ನಿಮಿಷಗಳಲ್ಲಿ, ಮೆಸ್ಸಿ ಮತ್ತು ಎಟೋ ಇದ್ದ ಬಾರ್ಸಿಲೋನಾ ಒಂದೇ ಒಂದು ಗೋಲನ್ನೂ ಹೊಡೆಯಲಿಲ್ಲ. ಮೇ 21ರಂದು ಮಾಸ್ಕೋದಲ್ಲಿ ಚೆಲ್ಸಿ ವಿರುದ್ಧದ ಫೈನಲ್‌ನಲ್ಲಿ ಅವರು ಬಲ ರೆಕ್ಕೆಯಲ್ಲಿ ಆಟ ಆರಂಭಿಸಿದರು. ಒಂದೇ ತಿಂಗಳಿನಲ್ಲಿ ಇಷ್ಟು ಎತ್ತರದ ಪಂದ್ಯಗಳಲ್ಲಿ ಬೇರೆ ಬೇರೆ ಸ್ಥಾನಗಳಿಗೆ ಒಬ್ಬರನ್ನೇ ನಂಬುವುದಾದರೆ, ಅದನ್ನು ಕಡೆಗಣಿಸಿದಂತೆ ಎನ್ನಲಾದೀತೇ? ಆಪತ್ತಿಗೆ ಒದಗಿದವರು ಎಂದು ನಾವು ಬಾಯಿಮಾತಿಗೆ ಹೇಳುತ್ತೇವೆ, ಆದರೆ ಆಗ ಯುನೈಟೆಡ್ ತಂಡದ ತರಬೇತುದಾರರಾಗಿದ್ದ ಅಲೆಕ್ಸ್ ಫರ್ಗುಸನ್ ಅಂಥವರು ಸೆಮಿಫೈನಲ್‌ನಲ್ಲಿ ದಾಕ್ಷಿಣ್ಯಕ್ಕಾಗಿ ಯಾರನ್ನೂ ಆಡಿಸುವುದಿಲ್ಲ.

ಮರುಪ್ರಶ್ನೆ — ಮೈದಾನದಂಚು

ಮೂವರಿಗೂ ಧನ್ಯವಾದಗಳು. ಗೆರೆಯ ಆಸರೆಯ ಮಾತು ಓದಿದ ಮೇಲೆ ಈಕ್ವೆಡಾರ್ ಪಂದ್ಯವನ್ನು ಇನ್ನೊಮ್ಮೆ ಹಾಕಿಕೊಂಡು ನೋಡಿದೆ. ಚೆಂಡು ದೂರದಲ್ಲಿರುವಾಗಲೂ ಅವರು ಮಿಡ್‌ಫೀಲ್ಡರ್‌ನ ಹಾಗೆ ಕತ್ತು ತಿರುಗಿಸಿ ಹಿಂದೆ ನೋಡುತ್ತಲೇ ಇರುವುದು ಈಗ ಕಣ್ಣಿಗೆ ಬಿತ್ತು. ಇನ್ನೊಂದು ಸಂದೇಹ ಉಳಿದಿದೆ. 2008ರ ನಂತರ ಅವರು ಕಾಣೆಯಾದಂತೆಯೇ ಆದರು. ಎಲ್ಲ ಕಡೆ ಓಡಾಡಿಸಿದ್ದರಿಂದಲೇ ಮೊಣಕಾಲುಗಳು ಸೋತವು ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಅದು ನಿಜವೇ?

ಉತ್ತರ — ಮಂಡಿಚಿಪ್ಪು

ಕ್ರೀಡಾಪಟುಗಳ ವ್ಯಾಯಾಮ ಚಿಕಿತ್ಸೆ ನನ್ನ ವೃತ್ತಿಯಾದ್ದರಿಂದ ಇದಕ್ಕೆ ಮಾತ್ರ ಉತ್ತರಿಸುತ್ತೇನೆ. ಅವರಿಗಿದ್ದದ್ದು ಎರಡೂ ಮೊಣಕಾಲುಗಳಲ್ಲಿ ಪಟೆಲ್ಲಾರ್ ಟೆಂಡನ್‌ನ ತೊಂದರೆ. ಮಂಡಿಚಿಪ್ಪನ್ನು ಕೆಳಗಿನ ಕಾಲಿನ ಮೂಳೆಗೆ ಕಟ್ಟಿಹಿಡಿಯುವ ದಪ್ಪ ಪಟ್ಟಿಯಂತಹ ಅಂಗಾಂಶವದು. ಜಿಗಿಯುವಾಗ, ವೇಗವಾಗಿ ಓಡುತ್ತಿದ್ದು ತಟ್ಟನೆ ನಿಲ್ಲುವಾಗ ತೊಡೆಯ ಸ್ನಾಯುವಿನ ಎಳೆತವೆಲ್ಲ ಅದರ ಮೇಲೆ ಬೀಳುತ್ತದೆ. ಎಳೆತಕ್ಕೂ ಎಳೆತಕ್ಕೂ ನಡುವೆ ಚೇತರಿಸಿಕೊಳ್ಳಲು ಸಾಕಷ್ಟು ಸಮಯ ಸಿಗದಿದ್ದರೆ ಅದರ ಎಳೆಗಳು ನಿಧಾನವಾಗಿ ಕೆಡುತ್ತವೆ. ಮೂಳೆ ಮುರಿದರೆ ಇಷ್ಟು ವಾರಕ್ಕೆ ಕೂಡಿಕೊಳ್ಳುತ್ತದೆ ಎಂದು ಅಂದಾಜಿಸಬಹುದು; 2006ರ ಸೆಪ್ಟೆಂಬರ್‌ನಲ್ಲಿ ಅವರ ಕಾಲು ಮುರಿದಿತ್ತು, ಅವರು ಅದರಿಂದ ಅದೇ ಋತುವಿನಲ್ಲಿ ಮರಳಿದರು. ಟೆಂಡನ್ ಹಾಗಲ್ಲ. ಬರೀ ವಿಶ್ರಾಂತಿ ಕೊಟ್ಟರೆ ನೋವು ಅಡಗುತ್ತದೆಯೇ ಹೊರತು ಬಲ ಬರುವುದಿಲ್ಲ, ಅವಸರದಿಂದ ಭಾರ ಹೇರಿದರೆ ಮೊದಲಿನ ನೋವು ಮರುಕಳಿಸುತ್ತದೆ.

ಇದಕ್ಕೂ ಸ್ಥಾನ ಬದಲಿಸಿದ್ದಕ್ಕೂ ನೇರ ಸಂಬಂಧ ಕಟ್ಟುವುದು ಸರಿಯಲ್ಲ. ವರ್ಷಗಟ್ಟಲೆ ಒಂದೇ ಸ್ಥಾನದಲ್ಲಿ ಆಡಿದವರಿಗೂ ಈ ತೊಂದರೆ ಬರುತ್ತದೆ. ಅವರು ಓಡುತ್ತಿದ್ದ ಬಗೆಯನ್ನು ಹೇಳಿದರೆ ಒಪ್ಪಬಹುದು: ನಿಲ್ಲು, ತಿರುಗು, ಮತ್ತೆ ಓಡು ಎಂಬ ಆ ಆಟ ಯಾವ ಸ್ಥಾನದಲ್ಲಿದ್ದರೂ ಅವರದ್ದೇ ಆಗಿತ್ತು.

2008ರ ನವೆಂಬರ್‌ನಲ್ಲಿ ಅಮೆರಿಕದ ಕೊಲರಾಡೊದಲ್ಲಿ ಡಾ. ರಿಚರ್ಡ್ ಸ್ಟೆಡ್‌ಮನ್ ಅವರಿಂದ ಒಂದು ಮೊಣಕಾಲಿಗೂ, ಮುಂದಿನ ಜನವರಿಯಲ್ಲಿ ಇನ್ನೊಂದಕ್ಕೂ ಶಸ್ತ್ರಚಿಕಿತ್ಸೆ ಆಯಿತು. 2008ರ ಸೆಪ್ಟೆಂಬರ್‌ನಿಂದ 2010ರ ಮೇವರೆಗೆ ಅವರು ಮೊದಲ ತಂಡದ ಒಂದು ಪಂದ್ಯವನ್ನೂ ಆಡಲಿಲ್ಲ. 2010ರ ನವೆಂಬರ್‌ನಲ್ಲಿ ವುಲ್ವ್ಸ್ ವಿರುದ್ಧ ಮೊದಲ ಹನ್ನೊಂದರಲ್ಲಿ ಹೆಸರು ಬಂತು, ಆಟ ಆರಂಭವಾಗಿ ಕೆಲವೇ ನಿಮಿಷಗಳಲ್ಲಿ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಂಡು ಹೊರನಡೆದರು. ಯುನೈಟೆಡ್ ಪರ ಅವರ ಕಡೆಯ ಪಂದ್ಯ ಅದೇ. ಒಪ್ಪಂದ ಮುಗಿದ ಮೇಲೆ ತಾನು ಸಮರ್ಥನಿದ್ದೇನೆಂದು ತೋರಿಸಲು ವ್ಯಾಯಾಮದ ವಿಡಿಯೊಗಳನ್ನು ಯೂಟ್ಯೂಬ್‌ಗೆ ಹಾಕಿದರು. ಚಾಂಪಿಯನ್ಸ್ ಲೀಗನ್ನು ಎರಡು ಕ್ಲಬ್ಬುಗಳ ಪರ ಗೆದ್ದವರೊಬ್ಬರು ಟ್ರೆಡ್‌ಮಿಲ್ ಮೇಲೆ ಓಡಿ ತೋರಿಸಬೇಕಾಯಿತಲ್ಲ ಎಂದು ಅಂದು ನನಗೆ ಸಂಕಟವಾಗಿತ್ತು. 2011ರ ಆಗಸ್ಟ್ ಕೊನೆಯಲ್ಲಿ ಮ್ಯಾಂಚೆಸ್ಟರ್ ಸಿಟಿ ಅವರನ್ನು ಸೇರಿಸಿಕೊಂಡಿತು. ಬರ್ಮಿಂಗ್‌ಹ್ಯಾಮ್ ಸಿಟಿ ವಿರುದ್ಧದ ಲೀಗ್ ಕಪ್ ಪಂದ್ಯದಲ್ಲಿ, ಮೊದಲ ಸಲ ಆ ಜೆರ್ಸಿ ತೊಟ್ಟಾಗಲೇ, ದೂರದಿಂದ ಹೊಡೆದು ಗೋಲು ಗಳಿಸಿದರು. ಆ ಋತುವಿನಲ್ಲಿ ಅವರಿಗೆ ಸಿಕ್ಕಿದ್ದು ಒಟ್ಟು ನಾಲ್ಕೇ ಪಂದ್ಯಗಳು.

ಉತ್ತರ — ಹಳೆಯ ಬುಂಡೆಸ್‌ಲಿಗಾ

"ಬಲಗಡೆಯ ಗೆರೆ" ಅವರ ಬಾರ್ಸಿಲೋನಾ ಉದಾಹರಣೆಗೆ ನನ್ನ ಬಳಿ ಉತ್ತರವಿಲ್ಲ, ಅಷ್ಟರಮಟ್ಟಿಗೆ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಮ್ಯೂನಿಕ್‌ನ ವರ್ಷಗಳ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಪ್ರಶ್ನೆ ಕೇಳಿದವರು ಹಳೆಯ ಪಂದ್ಯಗಳನ್ನು ನೋಡುವ ಹುರುಪಿನಲ್ಲಿರುವುದರಿಂದ ಒಂದು ಸಲಹೆ ಕೊಡುತ್ತೇನೆ. ಅವರ ಮೂರು ಪೆನಾಲ್ಟಿ ಶೂಟೌಟ್‌ಗಳನ್ನು ಒಂದರ ಹಿಂದೆ ಒಂದರಂತೆ ನೋಡಿ. 2001ರ ಮಿಲಾನ್‌ನಲ್ಲಿ ಅವರು 120 ನಿಮಿಷವೂ ಆಡಿದ್ದರು, ಆದರೆ ಬಯರ್ನ್ ಪರ ಒದೆಯಲು ಹೋದ ಏಳು ಜನರಲ್ಲಿ ಅವರಿರಲಿಲ್ಲ. 2006ರ ಜುಲೈ 1ರಂದು ಗೆಲ್ಸೆನ್‌ಕಿರ್ಶೆನ್‌ನಲ್ಲಿ, ರೂನಿಗೆ ಕೆಂಪು ಕಾರ್ಡ್ ಬಿದ್ದು ಹತ್ತು ಜನರೊಂದಿಗೆ ಒಂದು ಗಂಟೆಗೆ ಸಮೀಪ ಹೋರಾಡಿ, ಪಂದ್ಯಶ್ರೇಷ್ಠರಾದ ಮೇಲೆ, ಇಂಗ್ಲೆಂಡಿನ ಎರಡನೆಯ ಪೆನಾಲ್ಟಿ ಅವರದ್ದು. ಲ್ಯಾಂಪಾರ್ಡ್, ಜೆರಾರ್ಡ್, ಕ್ಯಾರಗರ್ ಮೂವರ ಹೊಡೆತಗಳನ್ನೂ ಪೋರ್ಚುಗಲ್‌ನ ಗೋಲ್‌ಕೀಪರ್ ರಿಕಾರ್ಡೊ ತಡೆದರು, ಒಳಗೆ ಹೋದದ್ದು ಇದೊಂದೇ. 2008ರ ಮಾಸ್ಕೋದಲ್ಲಿ ರೊನಾಲ್ಡೊ ಎಡವಿದ ಬೆನ್ನಿಗೇ ಚೆಂಡನ್ನು ಇಡಲು ನಡೆದು ಹೋದವರೂ ಅವರೇ, ಅದೂ ಒಳಗೆ ಹೋಯಿತು.